ವಿಂಡೋಸ್ ಬಿಟ್ಟು ಮ್ಯಾಕ್‌ಗೆ ಬಂದೆ: ಇಮೇಲ್‌ಗೆ ಯಾವ ತಂತ್ರಾಂಶ, ಬ್ರೌಸರ್ ಯಾವುದು?

ಪ್ರಶ್ನೆ: ನಮಸ್ಕಾರ. ನಾನು ಅನುವಾದ ಮತ್ತು ಕರಡು ತಿದ್ದುವ ಕೆಲಸ ಮಾಡುತ್ತೇನೆ. ಇದುವರೆಗೆ ವಿಂಡೋಸ್ 10 ಇದ್ದ ಕಂಪ್ಯೂಟರ್ ಬಳಸುತ್ತಿದ್ದೆ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿಯಿತು, ಯಂತ್ರಕ್ಕೆ ವಿಂಡೋಸ್ 11 ಹಿಡಿಸುವುದಿಲ್ಲ. ಆದ್ದರಿಂದ ಮ್ಯಾಕ್‌ಬುಕ್ ಕೊಂಡಿದ್ದೇನೆ. ಹಳೆಯದರಲ್ಲಿ ಔಟ್‌ಲುಕ್ 2016 ಮತ್ತು ಕ್ರೋಮ್ ಇವೆ. ಎರಡು ಇಮೇಲ್ ಖಾತೆಗಳು: ಒಂದು ಜಿಮೇಲ್, ಇನ್ನೊಂದು ನನ್ನ ಜಾಲತಾಣದ ಹೆಸರಿನಲ್ಲಿರುವ ವಿಳಾಸ. ಲೇಖಕರು, ಪ್ರಕಾಶಕರು ಹಲವು ವರ್ಷಗಳಿಂದ ಕಳಿಸಿದ ಹಸ್ತಪ್ರತಿಗಳೆಲ್ಲ ಆ ಪತ್ರಗಳಲ್ಲಿಯೇ ಇವೆ. ಮ್ಯಾಕ್‌ನಲ್ಲಿ ಇರುವ ಮೇಲ್ ಮತ್ತು ಸಫಾರಿಯನ್ನೇ ಬಳಸಲೇ, ಬೇರೆ ಏನಾದರೂ ಹಾಕಿಕೊಳ್ಳಲೇ? ಹಳೆಯ ಕಂಪ್ಯೂಟರನ್ನು ಮುಂದಿನ ವಾರ ಸಂಬಂಧಿಕರ ಮಗನಿಗೆ ಕೊಡಬೇಕೆಂದಿದ್ದೇನೆ.

ಉತ್ತರ: ಮೇಡಂ, ದಯವಿಟ್ಟು ಆ ಕಂಪ್ಯೂಟರನ್ನು ಮುಂದಿನ ವಾರ ಕೊಡಬೇಡಿ. ಡಿಸ್ಕ್ ಅಳಿಸುವುದಂತೂ ಬೇಡವೇ ಬೇಡ. ಕಚೇರಿಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಹೀಗೆ ಯಂತ್ರ ಬದಲಿಸುವವರಲ್ಲಿ ಬ್ರೌಸರ್ ಕಾರಣದಿಂದ ನಷ್ಟ ಅನುಭವಿಸಿದವರು ಕಡಿಮೆ. ಪತ್ರಗಳನ್ನು ಕಳೆದುಕೊಂಡವರು ಬಹಳ. ಬ್ರೌಸರನ್ನು ಇವತ್ತು ಹಾಕಿ ನಾಳೆ ತೆಗೆಯಬಹುದು. ಒಂದೇ ಪ್ರತಿ ಇದ್ದ ಪತ್ರ ಹೋದರೆ ಹೋಯಿತು.

ಆದ್ದರಿಂದ ಯಾವ ತಂತ್ರಾಂಶ ಎನ್ನುವುದಕ್ಕಿಂತ ಮೊದಲು, ನಿಮ್ಮ ಪತ್ರಗಳು ಈಗ ಎಲ್ಲಿವೆ ಎಂದು ತಿಳಿಯಬೇಕು. ಜಿಮೇಲ್‌ನವು ಗೂಗಲ್‌ನ ಸರ್ವರಿನಲ್ಲಿಯೇ ಇರುವ ಸಾಧ್ಯತೆ ಹೆಚ್ಚು. ಎರಡನೆಯ ವಿಳಾಸದ್ದೇ ನನಗೆ ಆತಂಕ. ಸರ್ವರಿನಿಂದ ಪತ್ರ ತರಲು ಐಮ್ಯಾಪ್, ಪಾಪ್ ಎಂಬ ಎರಡು ವಿಧಾನಗಳಿವೆ. ಔಟ್‌ಲುಕ್ ಅದನ್ನು ಐಮ್ಯಾಪ್ ಮೂಲಕ ತೆರೆದಿದ್ದರೆ ಪತ್ರಗಳು ಸರ್ವರಿನಲ್ಲಿ ಉಳಿದಿರುತ್ತವೆ, ನಿಮ್ಮ ಯಂತ್ರದಲ್ಲಿರುವುದು ಅವುಗಳ ಪ್ರತಿ. ಪಾಪ್ ಮೂಲಕ ತೆರೆದಿದ್ದರೆ, ಸರ್ವರಿನಲ್ಲಿ ಪ್ರತಿ ಉಳಿಸು ಎಂಬ ಗುರುತು ಹಾಕಿರದಿದ್ದಲ್ಲಿ, ಪತ್ರ ಇಳಿದುಬಂದ ಮೇಲೆ ಸರ್ವರಿನಿಂದ ಅಳಿದುಹೋಗುತ್ತದೆ. ಆಗ ಅದು ಇರುವುದು ಹಳೆಯ ಕಂಪ್ಯೂಟರಿನ ಪಿಎಸ್‌ಟಿ ಎಂಬ ಫೈಲಿನಲ್ಲಿ ಮಾತ್ರ. ಪರೀಕ್ಷೆ ಸುಲಭ: ಯಾವುದಾದರೂ ಬ್ರೌಸರಿನಲ್ಲಿ ಆ ಖಾತೆಯ ವೆಬ್‌ಮೇಲ್ ತೆರೆಯಿರಿ. ಐದು ವರ್ಷ ಹಿಂದಿನ ಪತ್ರ ಕಾಣಿಸಿದರೆ ನಿಶ್ಚಿಂತೆ. ಮೊನ್ನೆ ಮೊನ್ನೆಯವು ಮಾತ್ರ ಕಾಣಿಸಿದರೆ ಅದು ಪಾಪ್. ‘ಕಳಿಸಿದ ಪತ್ರಗಳು’ ಫೋಲ್ಡರನ್ನೂ ನೋಡಿ. ಪಾಪ್ ಬಳಸಿದವರ ಕಳಿಸಿದ ಪತ್ರಗಳು ಸಾಮಾನ್ಯವಾಗಿ ಸರ್ವರಿಗೆ ಹೋಗಿಯೇ ಇರುವುದಿಲ್ಲ.

ಇನ್ನು ಆಯ್ಕೆ. ಐಮ್ಯಾಪ್ ಖಾತೆ ಒಂದೆರಡು ಇದ್ದು, ಫೋನ್ ಕೂಡ ಆಪಲ್‌ನದೇ ಆಗಿದ್ದರೆ ಮ್ಯಾಕ್‌ನ ಮೇಲ್ ಧಾರಾಳವಾಗಿ ಸಾಕು. ಹಗುರವಾಗಿದೆ, ಇಡೀ ಯಂತ್ರದ ಹುಡುಕಾಟಕ್ಕೂ ಸಿಗುತ್ತದೆ. ಆದರೆ ನಿಮಗೆ ನಾನು ಥಂಡರ್‌ಬರ್ಡ್ ಹೇಳುತ್ತೇನೆ. ಮೇಲ್ ತಂತ್ರಾಂಶವನ್ನು ಆರಿಸುವಾಗ ನಾನು ಮೊದಲು ನೋಡುವುದು ಅದರಿಂದ ಹೊರಬರುವುದು ಎಷ್ಟು ಸುಲಭ ಎಂಬುದನ್ನು. ಥಂಡರ್‌ಬರ್ಡ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ಇದೆ. 2004ರಲ್ಲಿ ಮೊದಲ ಪೂರ್ಣ ಆವೃತ್ತಿ ಬಂದಾಗಿನಿಂದಲೂ ಉಚಿತ. ಪತ್ರಗಳನ್ನು ಎಂಬಾಕ್ಸ್ ಎಂಬ ಸರಳ ಪಠ್ಯರೂಪದಲ್ಲಿ ಇಡುತ್ತದೆ. ಅದನ್ನು ಬೇರೆ ತಂತ್ರಾಂಶಗಳೂ ಓದುತ್ತವೆ, ಮ್ಯಾಕ್‌ನ ಮೇಲ್ ಕೂಡ ಆಮದು ಮಾಡಿಕೊಳ್ಳುತ್ತದೆ. ಪಿಎಸ್‌ಟಿ ಹಾಗಲ್ಲ. ಮ್ಯಾಕ್‌ನ ಮೇಲ್‌ಗೆ ಅದನ್ನು ತೆರೆಯಲು ಬರುವುದೇ ಇಲ್ಲ.

ಮ್ಯಾಕ್‌ಗೂ ಔಟ್‌ಲುಕ್ ಇದೆ, ಈಗ ಉಚಿತ. ಒಂದು ವಿಷಯ ಮಾತ್ರ ಗಮನಿಸಿ: ಹೊಸ ಔಟ್‌ಲುಕ್ ಮೈಕ್ರೋಸಾಫ್ಟ್‌ಗೆ ಸೇರದ ಖಾತೆಗಳ ಪತ್ರಗಳನ್ನೂ ಮೈಕ್ರೋಸಾಫ್ಟ್‌ನ ಕ್ಲೌಡ್‌ಗೆ ನಕಲು ಮಾಡಬಲ್ಲದು. ಖಾತೆ ಸೇರಿಸುವಾಗ ಅದಕ್ಕೆ ಒಪ್ಪಿಗೆ ಕೇಳುತ್ತದೆ. ಪ್ರಕಟವಾಗದ ಹಸ್ತಪ್ರತಿಗಳು ನಿಮ್ಮ ಕೈಯಲ್ಲಿರುತ್ತವೆ. ಅವು ಇನ್ನೊಂದು ಕಡೆ ನಕಲಾಗುವುದು ಲೇಖಕರಿಗೆ ಒಪ್ಪಿಗೆಯೇ ಎಂದು ಯೋಚಿಸಿ.

ಮರುಪ್ರಶ್ನೆ: ಸರ್, ನೀವು ಹೇಳಿದಂತೆ ನೋಡಿದೆ. ವೆಬ್‌ಮೇಲ್‌ನಲ್ಲಿ ಇರುವುದು ಈಚಿನ ಹದಿನಾಲ್ಕು ದಿನಗಳ ಪತ್ರಗಳು ಮಾತ್ರ. ಪಿಎಸ್‌ಟಿ ಫೈಲ್ 11 ಜಿಬಿ ಇದೆ. ಕೈಕಾಲು ತಣ್ಣಗಾದವು. ಈಗ ಏನು ಮಾಡಲಿ?

ಉತ್ತರ: ಗಾಬರಿಯಾಗಬೇಡಿ, ಪತ್ರಗಳು ಸುರಕ್ಷಿತವಾಗಿವೆ. ಔಟ್‌ಲುಕ್ ಮುಚ್ಚಿ, ಆ ಪಿಎಸ್‌ಟಿಯನ್ನು ಹಾಗೆಯೇ ಒಂದು ಹೊರ ಡಿಸ್ಕಿಗೆ ನಕಲು ಮಾಡಿ. ಆ ಪ್ರತಿಯನ್ನು ಮುಟ್ಟದೆ ತೆಗೆದಿಡಿ. ಹೊರ ಡಿಸ್ಕ್ ಎಕ್ಸ್‌ಫ್ಯಾಟ್ ವಿಧಾನದಲ್ಲಿ ಫಾರ್ಮ್ಯಾಟ್ ಆಗಿರಲಿ. ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ. ಎನ್‌ಟಿಎಫ್‌ಎಸ್ ಆದರೆ ಮ್ಯಾಕ್ ಅದನ್ನು ಓದುತ್ತದೆಯೇ ಹೊರತು ಅದರ ಮೇಲೆ ಬರೆಯುವುದಿಲ್ಲ.

ಆಮೇಲೆ ಹಳೆಯ ಔಟ್‌ಲುಕ್ ತಾನಾಗಿ ಪತ್ರ ತರುವುದನ್ನು ನಿಲ್ಲಿಸಿ. ಇದನ್ನು ಮರೆಯುವವರೇ ಹೆಚ್ಚು. ಅದು ಹಿನ್ನೆಲೆಯಲ್ಲಿ ಪತ್ರಗಳನ್ನು ಇಳಿಸಿಕೊಂಡು ಸರ್ವರಿನಿಂದ ಅಳಿಸುತ್ತಲೇ ಇರುತ್ತದೆ, ಅರ್ಧ ಪತ್ರಗಳು ಅಲ್ಲಿ, ಅರ್ಧ ಇಲ್ಲಿ ಎಂಬಂತಾಗುತ್ತದೆ.

ಈಗ ಅದೇ ವಿಂಡೋಸ್ ಯಂತ್ರದಲ್ಲಿ ಥಂಡರ್‌ಬರ್ಡ್ ಹಾಕಿ, ಟೂಲ್ಸ್ ಪಟ್ಟಿಯಲ್ಲಿರುವ ಇಂಪೋರ್ಟ್ ತೆರೆದು ಔಟ್‌ಲುಕ್ ಆರಿಸಿ. ಥಂಡರ್‌ಬರ್ಡ್ ಪಿಎಸ್‌ಟಿಯನ್ನು ತಾನೇ ಓದುವುದಿಲ್ಲ, ಔಟ್‌ಲುಕ್‌ನ ಸಹಾಯದಿಂದ ಓದುತ್ತದೆ. ಅದಕ್ಕಾಗಿಯೇ ಈ ಕೆಲಸ ಹಳೆಯ ಯಂತ್ರದಲ್ಲಿ, ಔಟ್‌ಲುಕ್ ಸುಸ್ಥಿತಿಯಲ್ಲಿರುವಾಗಲೇ ಆಗಬೇಕು. ನಡುವೆ ದೋಷ ತೋರಿಸಿದರೆ ಆಫೀಸ್‌ನ ಫೋಲ್ಡರಿನಲ್ಲಿರುವ ಸ್ಕ್ಯಾನ್‌ಪಿಎಸ್‌ಟಿ ಎಂಬ ದುರಸ್ತಿ ಸಾಧನವನ್ನು ಪಿಎಸ್‌ಟಿಯ ಮೇಲೆ ಓಡಿಸಿ, ಮತ್ತೆ ಪ್ರಯತ್ನಿಸಿ. 11 ಜಿಬಿಗೆ ಹೊತ್ತು ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ.

ಎಲ್ಲ ಬಂದ ಮೇಲೆ ಥಂಡರ್‌ಬರ್ಡ್‌ನ ಪ್ರೊಫೈಲ್ ಫೋಲ್ಡರನ್ನು, ಅಂದರೆ ಪತ್ರ, ಸೆಟ್ಟಿಂಗ್‌ಗಳೆಲ್ಲ ಇರುವ ಫೋಲ್ಡರನ್ನು, ಮ್ಯಾಕ್‌ಗೆ ಒಯ್ಯಬೇಕು. ಸಹಾಯ ಪಟ್ಟಿಯ ಟ್ರಬಲ್‌ಶೂಟಿಂಗ್ ಮಾಹಿತಿಯಲ್ಲಿ ಅದು ಎಲ್ಲಿದೆ ಎಂದು ತೋರಿಸುತ್ತದೆ. ಥಂಡರ್‌ಬರ್ಡ್‌ನಲ್ಲಿ ಎಕ್ಸ್‌ಪೋರ್ಟ್ ಎಂಬ ಸೌಲಭ್ಯವೂ ಇದೆ, ಆದರೆ ಅದು 2 ಜಿಬಿ ಒಳಗಿನ ಪ್ರೊಫೈಲ್‌ಗಳಿಗೆ. ನಿಮ್ಮದಕ್ಕೆ ಕೈಯಾರೆ ನಕಲು ಮಾಡುವುದೇ ದಾರಿ. ಮ್ಯಾಕ್‌ನಲ್ಲಿ ಥಂಡರ್‌ಬರ್ಡನ್ನು ಒಮ್ಮೆ ತೆರೆದು ಮುಚ್ಚಿ, ಅಲ್ಲಿ ಹುಟ್ಟಿಕೊಂಡ ಹೊಸ ಪ್ರೊಫೈಲ್ ಫೋಲ್ಡರಿನ ಒಳಗಿರುವುದನ್ನು ತೆಗೆದು, ಹಳೆಯದರ ಒಳಗಿರುವುದನ್ನು ಇಡಿ. ಎರಡೂ ಕಡೆ ತಂತ್ರಾಂಶ ಮುಚ್ಚಿರಬೇಕು, ಆವೃತ್ತಿಯೂ ಒಂದೇ ಆಗಿರಲಿ.

ಬಳಿಕ ಪ್ರತಿ ಫೋಲ್ಡರಿನ ಪತ್ರಗಳ ಸಂಖ್ಯೆಯನ್ನು ಔಟ್‌ಲುಕ್‌ನದರ ಜೊತೆ ಹೋಲಿಸಿ. ಅಲ್ಲಲ್ಲಿ ಹಳೆಯ ಪತ್ರ ತೆರೆದು, ಅದಕ್ಕೆ ಲಗತ್ತಿಸಿದ ಫೈಲನ್ನು ನಿಜವಾಗಿಯೂ ತೆರೆದು ನೋಡಿ. ಹೆಸರು ಕಾಣಿಸಿತು ಎಂದರೆ ಫೈಲ್ ಬಂದಿದೆ ಎಂದಲ್ಲ. ವಿಳಾಸಗಳನ್ನು ಸಿಎಸ್‌ವಿ ರೂಪದಲ್ಲಿ, ಕ್ಯಾಲೆಂಡರನ್ನು ಐಸಿಎಸ್ ರೂಪದಲ್ಲಿ ಔಟ್‌ಲುಕ್‌ನಿಂದ ಬೇರೆಯಾಗಿ ತೆಗೆದುಕೊಳ್ಳಿ.

ಮ್ಯಾಕ್‌ನಲ್ಲಿ ಆ ಖಾತೆಯನ್ನು ಈ ಸಲ ಐಮ್ಯಾಪ್ ಆಗಿ ಸೇರಿಸಿ. ಒಳಬರುವುದಕ್ಕೆ ಪೋರ್ಟ್ 993, ಹೊರಹೋಗುವುದಕ್ಕೆ 465 ಅಥವಾ 587. ಜಿಮೇಲ್‌ಗೆ ಇವೇನೂ ಬೇಡ, ಗೂಗಲ್‌ನ ಲಾಗಿನ್ ಪುಟವೇ ತೆರೆದುಕೊಳ್ಳುತ್ತದೆ. ಅದರಲ್ಲಿ ಒಂದೇ ಪತ್ರ ಎರಡು ಫೋಲ್ಡರುಗಳಲ್ಲಿ ಕಂಡರೆ ದಿಗಿಲು ಬೇಡ: ಜಿಮೇಲ್‌ನ ಲೇಬಲ್‌ಗಳು ಇಲ್ಲಿ ಫೋಲ್ಡರುಗಳಾಗಿ ಕಾಣುತ್ತವೆ, ‘ಆಲ್ ಮೇಲ್’ನಲ್ಲಿ ಎಲ್ಲವೂ ಇನ್ನೊಮ್ಮೆ ಕಾಣುತ್ತವೆ.

ಥಂಡರ್‌ಬರ್ಡ್‌ನದೊಂದು ತೊಡಕನ್ನೂ ಹೇಳಿಬಿಡುತ್ತೇನೆ. ಒಂದು ಫೋಲ್ಡರಿನ ಪತ್ರಗಳೆಲ್ಲ ಒಂದೇ ಫೈಲಿನಲ್ಲಿ ಸೇರುತ್ತವೆ. ಅಳಿಸಿದ ಪತ್ರವೂ ‘ಕಾಂಪ್ಯಾಕ್ಟ್’ ಮಾಡುವವರೆಗೆ ಅದರೊಳಗೇ ಇರುತ್ತದೆ. ಇನ್‌ಬಾಕ್ಸ್ ಅನ್ನು ಬೆಳೆಯಲು ಬಿಡದೆ ವರ್ಷಕ್ಕೊಂದು ಫೋಲ್ಡರ್ ಮಾಡಿ ಹಂಚಿಡಿ.

ಇನ್ನೊಬ್ಬ ಸದಸ್ಯರು: ಸರ್, ನಾನು ವಿಂಡೋಸ್ ಅಳಿಸಿ ಉಬುಂಟು ಲಿನಕ್ಸ್ ಹಾಕಿಯಾಗಿದೆ. ಒಂದು ಪಿಎಸ್‌ಟಿ, ಒಂದು ಒಎಸ್‌ಟಿ ಫೈಲ್ ಉಳಿಸಿಕೊಂಡಿದ್ದೇನೆ. ಕಚೇರಿಯ ಮೇಲ್ ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಸರ್ವರಿನಲ್ಲಿದೆ. ನನಗೆ ದಾರಿ ಇದೆಯೇ?

ಉತ್ತರ: ಇದೆ. ಲಿನಕ್ಸ್‌ನಲ್ಲಿ ರೀಡ್‌ಪಿಎಸ್‌ಟಿ ಎಂಬ ಉಚಿತ ಸಾಧನ ಸಿಗುತ್ತದೆ. ಪಿಎಸ್‌ಟಿಯನ್ನು ಅದು ಔಟ್‌ಲುಕ್‌ನ ಹಂಗಿಲ್ಲದೆ ಎಂಬಾಕ್ಸ್ ಆಗಿ ಬಿಡಿಸಿ ಕೊಡುತ್ತದೆ. ಥಂಡರ್‌ಬರ್ಡ್‌ಗೆ ಇಂಪೋರ್ಟ್‌ಎಕ್ಸ್‌ಪೋರ್ಟ್‌ಟೂಲ್ಸ್ ಎನ್‌ಜಿ ಎಂಬ ಆಡ್-ಆನ್ ಹಾಕಿಕೊಂಡರೆ ಆ ಎಂಬಾಕ್ಸ್‌ಗಳನ್ನು ಒಳಗೆ ತರಬಹುದು. ಒಎಸ್‌ಟಿಯ ಚಿಂತೆ ಬಿಡಿ. ಅದು ಸರ್ವರಿನಲ್ಲಿರುವುದರ ಪ್ರತಿ, ಖಾತೆಗೆ ಕಟ್ಟಿಕೊಂಡಿರುತ್ತದೆ. ಖಾತೆ ಜೀವಂತವಾಗಿದ್ದರೆ ಪತ್ರಗಳು ಮತ್ತೆ ಬರುತ್ತವೆ.

ಎಕ್ಸ್‌ಚೇಂಜ್ ಎಂದರೆ ಕ್ಯಾಲೆಂಡರ್, ಸಭೆಯ ಆಹ್ವಾನ, ಕಚೇರಿಯ ವಿಳಾಸಪಟ್ಟಿ ಎಲ್ಲವೂ ಬೇಕಾಗುತ್ತದೆ. ಲಿನಕ್ಸ್‌ನಲ್ಲಿ ಅದಕ್ಕೆ ಹಳೆಯ ಕೈ ಎಂದರೆ ಎವಲ್ಯೂಷನ್ ಎಂಬ ಮೇಲ್ ತಂತ್ರಾಂಶ. ಎಕ್ಸ್‌ಚೇಂಜ್‌ಗಾಗಿ ಇರುವ ಅದರ ಜೋಡಣೆಯನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಆದರೆ ಮೊದಲು ಕಚೇರಿಯ ನಿರ್ವಾಹಕರನ್ನು ಕೇಳಿ. ಹೊರಗಿನ ತಂತ್ರಾಂಶಗಳಿಗೆ ಅವರು ಅನುಮತಿ ಕೊಟ್ಟಿರದಿದ್ದರೆ ಯಾವುದನ್ನು ಹಾಕಿದರೂ ಬಾಗಿಲು ತೆರೆಯುವುದಿಲ್ಲ. ಆಗ ಬ್ರೌಸರಿನಲ್ಲಿ ಔಟ್‌ಲುಕ್ ವೆಬ್ ತೆರೆಯುವುದೇ ನೇರವಾದ ದಾರಿ.

ಇನ್ನೊಂದು ಮಾತು. ಉಬುಂಟುವಿನಲ್ಲಿ 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲಿ, ಅಂದರೆ ಉಳಿದ ವ್ಯವಸ್ಥೆಯಿಂದ ಬೇಲಿ ಹಾಕಿ ಬೇರ್ಪಡಿಸಿದ ಪ್ಯಾಕೇಜ್ ಆಗಿ, ಬರುತ್ತದೆ. ಅದರ ಪ್ರೊಫೈಲ್ ಮಾಮೂಲಿ ಜಾಗದಲ್ಲಿರದೆ ಸ್ನ್ಯಾಪ್ ಫೋಲ್ಡರಿನಲ್ಲಿರುತ್ತದೆ. ಹಳೆಯ ಪ್ರೊಫೈಲನ್ನು ಬೇರೆಡೆ ಇಟ್ಟು ‘ಬರಲಿಲ್ಲ’ ಎನ್ನುವವರು ಅನೇಕರು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರಾದರೆ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಕೊಡುವ ಡೆಬ್ ಎಂಬ ಮಾಮೂಲಿ ಪ್ಯಾಕೇಜ್ ಹಾಕಿಕೊಳ್ಳಿ, ಸ್ನ್ಯಾಪ್‌ನ ಬೇಲಿ ದಾಟಿಸುವ ತೊಂದರೆ ತಪ್ಪುತ್ತದೆ.

ಮರುಪ್ರಶ್ನೆ: ಸರ್, ಪತ್ರಗಳೆಲ್ಲ ಮ್ಯಾಕ್‌ಗೆ ಬಂದವು, ಸಂಖ್ಯೆಯೂ ಸರಿಹೊಂದಿತು. ತುಂಬ ಉಪಕಾರವಾಯಿತು. ಈಗ ಬ್ರೌಸರ್ ಹೇಳಿ. ಕ್ರೋಮ್‌ನಲ್ಲಿ ನಾನು ಗೂಗಲ್ ಖಾತೆಗೆ ಲಾಗಿನ್ ಆಗಿ ಬಳಸುತ್ತಿರಲಿಲ್ಲ. ಪಾಸ್‌ವರ್ಡ್‌ಗಳೆಲ್ಲ ಅದರಲ್ಲಿಯೇ ಇವೆ. ಕ್ರೋಮ್‌ನ ಫೋಲ್ಡರನ್ನೂ ಥಂಡರ್‌ಬರ್ಡ್‌ನಂತೆ ನಕಲು ಮಾಡಿದರೆ ಆಗುತ್ತದೆಯೇ?

ಉತ್ತರ: ಸಂತೋಷ, ಮೇಡಂ. ಕ್ರೋಮ್ ಫೋಲ್ಡರ್ ನಕಲು ಮಾಡಿದರೆ ಪಾಸ್‌ವರ್ಡ್‌ಗಳು ಬರುವುದಿಲ್ಲ. ಕ್ರೋಮ್ ಅವನ್ನು ವಿಂಡೋಸ್ ಕೊಡುವ ಗೂಢಲಿಪಿಯ ಕೀಲಿಯಿಂದ ಮುಚ್ಚಿಡುತ್ತದೆ, ಆ ಕೀಲಿ ಆ ಯಂತ್ರದ ನಿಮ್ಮ ವಿಂಡೋಸ್ ಖಾತೆಗೆ ಸೇರಿದ್ದು. ಫೈರ್‌ಫಾಕ್ಸ್ ತನ್ನ ಕೀಲಿಯನ್ನು ತನ್ನ ಪ್ರೊಫೈಲ್ ಒಳಗೇ ಇಟ್ಟುಕೊಳ್ಳುವುದರಿಂದ ಅದರ ಪ್ರೊಫೈಲ್ ಎಲ್ಲಿಗೆ ಹೋದರೂ ಪಾಸ್‌ವರ್ಡ್ ಜೊತೆಗೆ ಹೋಗುತ್ತದೆ. ಅದೇ ಕಾರಣಕ್ಕೆ ಅದಕ್ಕೊಂದು ಮುಖ್ಯ ಪಾಸ್‌ವರ್ಡ್ ಹಾಕಿಕೊಳ್ಳುವುದು ಅಗತ್ಯ.

ಹಳೆಯ ಯಂತ್ರದ ಕ್ರೋಮ್‌ನಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ತೆರೆದು ಸಿಎಸ್‌ವಿಯಾಗಿ ಹೊರತೆಗೆಯಿರಿ. ಆ ಫೈಲಿನಲ್ಲಿ ಪ್ರತಿಯೊಂದು ಪಾಸ್‌ವರ್ಡ್ ಯಾರು ಬೇಕಾದರೂ ಓದುವಂತಿರುತ್ತದೆ. ಇಮೇಲ್‌ನಲ್ಲಿ ಕಳಿಸಿಕೊಳ್ಳಬೇಡಿ, ಹೊಸ ಬ್ರೌಸರಿಗೆ ತುಂಬಿದ ಕೂಡಲೇ ಎಲ್ಲ ಕಡೆಯಿಂದ ಅಳಿಸಿ. ಬುಕ್‌ಮಾರ್ಕ್‌ಗಳನ್ನು ಎಚ್‌ಟಿಎಂಎಲ್ ಫೈಲಾಗಿ ತೆಗೆದರೆ ಯಾವ ಬ್ರೌಸರ್ ಆದರೂ ಓದುತ್ತದೆ. ಆ ಫೈಲಿನ ಮೊದಲ ಸಾಲಿನಲ್ಲಿ ಇಂದಿಗೂ ನೆಟ್‌ಸ್ಕೇಪ್ ಹೆಸರಿದೆ. ಬ್ರೌಸರ್ ಮರೆಯಾಗಿ ಎಷ್ಟೋ ವರ್ಷಗಳಾದವು, ಅದು ಹಾಕಿಕೊಟ್ಟ ರೂಪವನ್ನು ಎಲ್ಲರೂ ಉಳಿಸಿಕೊಂಡಿರುವುದು ನನಗೆ ಯಾವಾಗಲೂ ಮೆಚ್ಚುಗೆ ತರುತ್ತದೆ.

ಪಾಸ್‌ವರ್ಡ್ ಬದಲು ಪಾಸ್‌ಕೀ ಎಂಬ ಡಿಜಿಟಲ್ ಕೀಲಿ ಬಳಸುತ್ತಿದ್ದರೆ ಇನ್ನೂ ಎಚ್ಚರ ಬೇಕು. ವಿಂಡೋಸ್‌ನ ಲಾಗಿನ್ ವ್ಯವಸ್ಥೆಯಾದ ವಿಂಡೋಸ್ ಹಲೋದಲ್ಲಿ ಉಳಿಸಿದ ಪಾಸ್‌ಕೀಗಳು ಸಿಎಸ್‌ವಿಯಲ್ಲಿ ಬರುವುದಿಲ್ಲ, ಆ ಯಂತ್ರದಲ್ಲಿಯೇ ಉಳಿಯುತ್ತವೆ. ಅಂಥ ಪ್ರತಿಯೊಂದು ತಾಣಕ್ಕೂ ಮ್ಯಾಕ್‌ನಿಂದ ಲಾಗಿನ್ ಆಗಲು ಎರಡನೆಯ ದಾರಿ ಮಾಡಿಕೊಂಡ ಮೇಲೆಯೇ ಹಳೆಯ ಯಂತ್ರ ಅಳಿಸಿ.

ಆಯ್ಕೆಯ ಬಗ್ಗೆ ಹೇಳುವುದಾದರೆ: ಸಫಾರಿ ಮ್ಯಾಕ್‌ನಲ್ಲಿ ಚೆನ್ನಾಗಿ ಓಡುತ್ತದೆ, ಬ್ಯಾಟರಿಯನ್ನೂ ಹಿತಮಿತವಾಗಿ ಬಳಸುತ್ತದೆ. ಆದರೆ ಅದು ಆಪಲ್ ಸಾಧನಗಳಲ್ಲಿ ಮಾತ್ರ ಇದೆ. ವಿಂಡೋಸ್‌ಗೆ 2007ರಲ್ಲಿ ಬಂದದ್ದು 2012ರಲ್ಲಿ ನಿಂತುಹೋಯಿತು. ಕ್ರೋಮ್, ಎಡ್ಜ್, ಬ್ರೇವ್ ಮೂರರ ಒಳಗೂ ಇರುವುದು ಕ್ರೋಮಿಯಂ. ಹೊರಗಿನ ಅಂಗಿ ಬೇರೆ, ಪುಟ ತೋರಿಸುವ ಯಂತ್ರ ಒಂದೇ. ಈ ಮೂರರಲ್ಲಿ ಒಂದರ ಜೊತೆಗೆ ಇನ್ನೊಂದನ್ನು ಇಟ್ಟುಕೊಳ್ಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ನೀವು ದಿನದ ಕೆಲಸಕ್ಕೆ ಫೈರ್‌ಫಾಕ್ಸ್ ಇಟ್ಟುಕೊಳ್ಳಿ ಎನ್ನುತ್ತೇನೆ. ಎಲ್ಲ ವೇದಿಕೆಗಳಲ್ಲಿಯೂ ಇದೆ, ತನ್ನದೇ ಗೆಕೋ ಯಂತ್ರದ ಮೇಲೆ ನಡೆಯುತ್ತದೆ, ಕ್ರೋಮ್ ಕೈಬಿಟ್ಟ, ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್‌ನ ಪೂರ್ಣ ರೂಪ ಅದರಲ್ಲಿ ಇನ್ನೂ ಕೆಲಸ ಮಾಡುತ್ತದೆ. ಕ್ರೋಮಿಯಂನಲ್ಲಿ ಮಾತ್ರ ಪರೀಕ್ಷಿಸಿ ಬಿಟ್ಟ ತಾಣಗಳು ಅಲ್ಲಲ್ಲಿ ಸಿಗುತ್ತವೆ, ಅವುಗಳಿಗೆ ಕ್ರೋಮ್ ಪಕ್ಕದಲ್ಲಿರಲಿ.

ಮ್ಯಾಕ್‌ನಲ್ಲಿ ಪೂರ್ವನಿಯೋಜಿತ ಬ್ರೌಸರನ್ನು ಸಿಸ್ಟಮ್ ಸೆಟ್ಟಿಂಗ್ಸ್‌ನ ಡೆಸ್ಕ್‌ಟಾಪ್ ಮತ್ತು ಡಾಕ್ ವಿಭಾಗದಲ್ಲಿ ಬದಲಿಸಬೇಕು. ಮೇಲ್ ತಂತ್ರಾಂಶವನ್ನು ಬದಲಿಸುವ ಆಯ್ಕೆ ಮಾತ್ರ ಆಪಲ್‌ನ ಮೇಲ್‌ನ ಒಳಗಿದೆ.

ಮರುಪ್ರಶ್ನೆ: ಕೊನೆಯದೊಂದು. ಒಬ್ಬ ಪ್ರಕಾಶಕರು ಕಳಿಸುವ ಹಸ್ತಪ್ರತಿ ಇಲ್ಲಿ ‘ವಿನ್‌ಮೇಲ್ ಡಾಟ್ ಡ್ಯಾಟ್’ ಎಂಬ ಹೆಸರಿನಲ್ಲಿ ಬರುತ್ತಿದೆ, ತೆರೆಯುವುದಿಲ್ಲ. ವೈರಸ್ಸೇ?

ಉತ್ತರ: ಅಲ್ಲ. ಅವರ ಔಟ್‌ಲುಕ್ ಪತ್ರವನ್ನು ರಿಚ್ ಟೆಕ್ಸ್ಟ್ ರೂಪದಲ್ಲಿ ಕಳಿಸುತ್ತಿದೆ. ಆಗ ಲಗತ್ತೆಲ್ಲ ಔಟ್‌ಲುಕ್‌ನದೇ ರೂಪದ ಆ ಒಂದು ಫೈಲಿನೊಳಗೆ ಸೇರಿಹೋಗುತ್ತದೆ. ಎಚ್‌ಟಿಎಂಎಲ್ ರೂಪದಲ್ಲಿ ಕಳಿಸಲು ಅವರಿಗೆ ಹೇಳಿ. ಈಗಾಗಲೇ ಬಂದಿರುವುದನ್ನು ಹಳೆಯ ಯಂತ್ರದ ಔಟ್‌ಲುಕ್‌ಗೆ ತರಿಸಿಕೊಳ್ಳುವ ಬದಲು, ಅವರಿಂದಲೇ ಇನ್ನೊಮ್ಮೆ ಕಳಿಸಿಕೊಳ್ಳಿ.