ಹಣದುಬ್ಬರ ಇಳಿದರೂ ಬೆಲೆ ಏಕೆ ಇಳಿಯುವುದಿಲ್ಲ? ಸಮಗ್ರ ಅರ್ಥಶಾಸ್ತ್ರದ ಪ್ರಶ್ನೋತ್ತರ

ಪ್ರಶ್ನೆ (ಪದವಿ ಮೊದಲ ವರ್ಷದ ವಿದ್ಯಾರ್ಥಿನಿ): ನಮಸ್ಕಾರ ಮೇಡಂ. ಹಣದುಬ್ಬರದ ದರ ಶೇ. 8ರಿಂದ ಶೇ. 4ಕ್ಕೆ ಇಳಿದಿದೆ ಎಂದು ಕೊಟ್ಟಿದ್ದ ಲೆಕ್ಕಕ್ಕೆ ‘ಆದ್ದರಿಂದ ಬೆಲೆಗಳು ಇಳಿದಿವೆ’ ಎಂದು ಬರೆದೆ. ಅದು ತಪ್ಪು ಎಂದು ಅಂಕ ಕಳೆದಿದ್ದಾರೆ. ದರ ಅರ್ಧಕ್ಕೆ ಇಳಿದ ಮೇಲೂ ಬೆಲೆ ಇಳಿದಿಲ್ಲ ಎಂದರೆ ಏನರ್ಥ?

ಉತ್ತರ: ನಾನು ಮೌಲ್ಯಮಾಪನ ಮಾಡುವ ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಕಾಣಸಿಗುವ ತಪ್ಪು ಇದೇ, ಆದ್ದರಿಂದ ಬೇಸರಪಡಬೇಡಿ. ಬೆಲೆಮಟ್ಟ ಬೇರೆ, ಆ ಬೆಲೆಮಟ್ಟ ಏರುವ ವೇಗ ಬೇರೆ. ಹಣದುಬ್ಬರ ಎಂದು ನಾವು ಕರೆಯುವುದು ಎರಡನೆಯದನ್ನು. ಆಧಾರ ವರ್ಷದಲ್ಲಿ ಬೆಲೆ ಸೂಚ್ಯಂಕ 100 ಇತ್ತು ಎಂದುಕೊಳ್ಳಿ. ಮೊದಲ ವರ್ಷ ಶೇ. 8ರಷ್ಟು ಏರಿದಾಗ ಅದು 108 ಆಗುತ್ತದೆ. ಮರುವರ್ಷ ಹಣದುಬ್ಬರ ಶೇ. 4ಕ್ಕೆ ಇಳಿದರೆ ಆ 108ರ ಮೇಲೆ ಮತ್ತೆ ಶೇ. 4 ಸೇರಿ ಸೂಚ್ಯಂಕ 112.32ಕ್ಕೆ ತಲುಪುತ್ತದೆ. ಹಣದುಬ್ಬರ ಇಳಿದಿರುವುದು ನಿಜ, ಬೆಲೆಗಳು ಏರಿರುವುದೂ ನಿಜ. ಬೆಲೆಮಟ್ಟವೇ ಕೆಳಗಿಳಿಯಬೇಕಾದರೆ ದರ ಸೊನ್ನೆಗಿಂತ ಕಡಿಮೆಯಾಗಬೇಕು. ಆ ಸ್ಥಿತಿಗೆ ಹಣದಿಳಿತ ಎಂಬ ಬೇರೆಯೇ ಹೆಸರಿದೆ. ‘ಏರಿಕೆಯ ವೇಗ ತಗ್ಗಿದೆ’ ಎಂದು ಬರೆದಿದ್ದರೆ ನಿಮ್ಮ ಅಂಕ ಉಳಿಯುತ್ತಿತ್ತು.

ಪ್ರಶ್ನೆ (ಇನ್ನೊಬ್ಬ ವಿದ್ಯಾರ್ಥಿ): ಇದಕ್ಕೇ ಹೊಂದಿಕೊಂಡ ಸಂದೇಹ, ಮೇಡಂ. ನಾಮಿಕ ಜಿಡಿಪಿ (ಆಯಾ ವರ್ಷದ ಬೆಲೆಯಲ್ಲೇ ಅಳೆದ ಒಟ್ಟು ದೇಶೀಯ ಉತ್ಪನ್ನ) ಬೆಳವಣಿಗೆಯಿಂದ ಹಣದುಬ್ಬರವನ್ನು ಕಳೆದರೆ ನೈಜ ಬೆಳವಣಿಗೆ ಸಿಗುತ್ತದೆ ಎಂದು ಕಲಿತಿದ್ದೇವೆ. ಆದರೆ ಲೆಕ್ಕ ಮಾಡಿದಾಗ ಉತ್ತರ ಸರಿಯಾಗಿ ಹೊಂದುವುದಿಲ್ಲ.

ಉತ್ತರ: ಕಳೆಯುವುದು ಅಂದಾಜಿನ ವಿಧಾನ, ದರಗಳು ಚಿಕ್ಕವಾಗಿದ್ದಾಗ ಮಾತ್ರ ಅದು ನಿಜಕ್ಕೆ ಹತ್ತಿರ ಬರುತ್ತದೆ. ಉಕ್ಕನ್ನು ಮಾತ್ರ ಉತ್ಪಾದಿಸುವ ಒಂದು ದೇಶವನ್ನು ಊಹಿಸಿಕೊಳ್ಳಿ. ಆಧಾರ ವರ್ಷದಲ್ಲಿ 100 ಟನ್, ಟನ್ನಿಗೆ ಬೆಲೆ 10, ಜಿಡಿಪಿ 1,000. ಮರುವರ್ಷ 105 ಟನ್, ಟನ್ನಿಗೆ ಬೆಲೆ 12. ನಾಮಿಕ ಜಿಡಿಪಿ 1,260, ಅಂದರೆ ಶೇ. 26ರ ಬೆಳವಣಿಗೆ. ಅದೇ 105 ಟನ್ನನ್ನು ಆಧಾರ ವರ್ಷದ ಬೆಲೆಯಲ್ಲಿ ಅಳೆದರೆ 1,050 ಬರುತ್ತದೆ. ನೈಜ ಬೆಳವಣಿಗೆ ಶೇ. 5 ಮಾತ್ರ. ನಾಮಿಕವನ್ನು ನೈಜದಿಂದ ಭಾಗಿಸಿ 100ರಿಂದ ಗುಣಿಸಿದರೆ ಸಿಗುವ 120 ಎಂಬುದೇ ಜಿಡಿಪಿ ಡಿಫ್ಲೇಟರ್, ಅಂದರೆ ಬೆಲೆ ಶೇ. 20ರಷ್ಟು ಏರಿದೆ. ಈಗ 26ರಿಂದ 20 ಕಳೆದರೆ 6 ಬರುತ್ತದೆ, ಆದರೆ ನಿಜವಾದ ಉತ್ತರ 5. ಪ್ರಮಾಣವೂ ಬೆಲೆಯೂ ಗುಣಾಕಾರದಲ್ಲಿ ಕೂಡಿಕೊಂಡಿರುವುದರಿಂದ (1.05 × 1.20 = 1.26) ಭಾಗಾಕಾರವೇ ಸರಿಯಾದ ದಾರಿ.

ಪ್ರಶ್ನೆ: ಜಿಡಿಪಿ ಸೂತ್ರದಲ್ಲಿ (ಅನುಭೋಗ, ಅಂದರೆ ಜನರ ಬಳಕೆಯ ವೆಚ್ಚ + ಹೂಡಿಕೆ + ಸರ್ಕಾರದ ವೆಚ್ಚ + ರಫ್ತು − ಆಮದು) ಆಮದನ್ನು ಕಳೆಯುತ್ತೇವೆ. ಹಾಗಾದರೆ ಆಮದು ಹೆಚ್ಚಾದಷ್ಟೂ ಜಿಡಿಪಿ ಕಡಿಮೆಯಾಗುತ್ತದೆ ಎಂದಲ್ಲವೇ?

ಉತ್ತರ: ಅಲ್ಲ. ಅನುಭೋಗ, ಹೂಡಿಕೆ, ಸರ್ಕಾರದ ವೆಚ್ಚ ಇವುಗಳನ್ನು ಅಳೆಯುವಾಗ ದೇಶದೊಳಗೆ ತಯಾರಾದದ್ದು ಯಾವುದು, ಹೊರಗಿನಿಂದ ಬಂದದ್ದು ಯಾವುದು ಎಂದು ನಾವು ಬೇರ್ಪಡಿಸುವುದಿಲ್ಲ. ಒಂದು ಕಾರ್ಖಾನೆ 50 ಮೌಲ್ಯದ ಯಂತ್ರವನ್ನು ಹೊರದೇಶದಿಂದ ತರಿಸಿಕೊಂಡರೆ ಹೂಡಿಕೆಯ ಬಾಬ್ತಿನಲ್ಲಿ 50 ಸೇರುತ್ತದೆ. ಅದು ನಮ್ಮ ಉತ್ಪನ್ನವಲ್ಲದ ಕಾರಣ ಆಮದಿನ ಬಾಬ್ತಿನಲ್ಲಿ ಅದೇ 50 ಕಳೆಯಲ್ಪಡುತ್ತದೆ. ಒಟ್ಟು ಪರಿಣಾಮ ಸೊನ್ನೆ. ಆ ಕಳೆಯುವಿಕೆ ಕೇವಲ ಲೆಕ್ಕದ ತಿದ್ದುಪಡಿ. ಜನರು ದೇಶೀಯ ಸರಕನ್ನು ಬಿಟ್ಟು ಆಮದು ಸರಕಿನ ಕಡೆಗೆ ತಿರುಗಿದರೆ ದೇಶೀಯ ಉತ್ಪಾದನೆ ಕುಗ್ಗಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಜನರ ವರ್ತನೆಯ ಕುರಿತಾದ ವಾದ, ಅದಕ್ಕೆ ಬೇರೆ ಪುರಾವೆ ಬೇಕು. ಸೂತ್ರದ ಋಣಚಿಹ್ನೆಯೊಂದನ್ನೇ ತೋರಿಸಿ ಅದನ್ನು ಸಾಧಿಸಲಾಗದು.

ಪ್ರಶ್ನೆ (ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಓದುತ್ತಿರುವವರು): ಮೇಡಂ, ಉಳಿತಾಯ ಯಾವಾಗಲೂ ಹೂಡಿಕೆಗೆ ಸಮ ಎನ್ನುತ್ತಾರೆ. ಹಾಗಿದ್ದರೆ ಎಲ್ಲರೂ ಹೆಚ್ಚು ಉಳಿಸಿದರೆ ಹೂಡಿಕೆ ತಾನಾಗಿಯೇ ಹೆಚ್ಚಬೇಕು. ಆದರೆ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ ಇದಕ್ಕೆ ವಿರುದ್ಧವಾಗಿ ಹೇಳಿದ್ದಾರೆ ಎಂದೂ ಓದಿದ್ದೇನೆ. ಎರಡೂ ಹೇಗೆ ಸರಿ?

ಉತ್ತರ: ಇಡೀ ವಿಷಯದಲ್ಲಿ ನನಗೆ ಬಹಳ ಪ್ರಿಯವಾದ ಪ್ರಶ್ನೆ ಇದು, ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ, ಕಾಗದ, ಲೇಖನಿ ಹಿಡಿದು ಓದಿ.

ಸರ್ಕಾರವೂ ವಿದೇಶಿ ವ್ಯಾಪಾರವೂ ಇಲ್ಲದ ಒಂದು ಅರ್ಥವ್ಯವಸ್ಥೆಯನ್ನು ತೆಗೆದುಕೊಳ್ಳೋಣ. ಆದಾಯ 1,000, ಅನುಭೋಗ 800, ಸಂಸ್ಥೆಗಳು ಯೋಜಿಸಿ ಮಾಡುವ ಹೂಡಿಕೆ 200. ಬಂದ ಆದಾಯದಲ್ಲಿ ಜನರು ಐದರಲ್ಲಿ ನಾಲ್ಕು ಪಾಲನ್ನು ಖರ್ಚು ಮಾಡುತ್ತಾರೆ, ಅಂದರೆ ಸೀಮಾಂತ ಅನುಭೋಗ ಪ್ರವೃತ್ತಿ 0.8. ಈಗ ಮುಂದಿನ ದಿನಗಳ ಬಗ್ಗೆ ಭಯ ಹುಟ್ಟಿ, ಎಲ್ಲ ಕುಟುಂಬಗಳೂ ಸೇರಿ ತಮ್ಮ ಖರ್ಚಿನಲ್ಲಿ 50 ಕಡಿತ ಮಾಡಲು ನಿರ್ಧರಿಸುತ್ತವೆ ಎಂದಿಟ್ಟುಕೊಳ್ಳಿ.

ಮೊದಲ ಹಂತದಲ್ಲಿ ಸಂಸ್ಥೆಗಳಿಗೆ ಈ ನಿರ್ಧಾರದ ಸುಳಿವಿರುವುದಿಲ್ಲ. ಅವು ಎಂದಿನಂತೆ 1,000 ಮೌಲ್ಯದ ಸರಕನ್ನು ತಯಾರಿಸುತ್ತವೆ, ಅದರಲ್ಲಿ 50 ಮೌಲ್ಯದ್ದು ಮಾರಾಟವಾಗದೆ ಗೋದಾಮಿನಲ್ಲಿ ಉಳಿಯುತ್ತದೆ. ರಾಷ್ಟ್ರೀಯ ಲೆಕ್ಕದಲ್ಲಿ ದಾಸ್ತಾನಿನ ಹೆಚ್ಚಳವೂ ಹೂಡಿಕೆಯೇ. ಹೀಗಾಗಿ ಉಳಿತಾಯ 250, ಹೂಡಿಕೆಯೂ 200 ಮತ್ತು 50 ಸೇರಿ 250. ಸಮಾನತೆಗೆ ಭಂಗ ಬಂದಿಲ್ಲ; ಆದರೆ ಆ ಕೊನೆಯ 50 ಯಾರೂ ಬಯಸಿ ಮಾಡಿದ ಹೂಡಿಕೆಯಲ್ಲ, ಬಿಕರಿಯಾಗದೆ ಉಳಿದ ಮಾಲು. ಕಾರ್ಖಾನೆಯನ್ನು ವಿಸ್ತರಿಸಿದ ಸಂಸ್ಥೆಯನ್ನೂ ಮಾಲು ಹೋಗದೆ ಕಂಗಾಲಾದ ಸಂಸ್ಥೆಯನ್ನೂ ‘ಉಳಿತಾಯ = ಹೂಡಿಕೆ’ ಎಂಬ ನಿತ್ಯಸಮೀಕರಣ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ.

ಗೋದಾಮು ತುಂಬಿದ ಸಂಸ್ಥೆ ಉತ್ಪಾದನೆಯನ್ನು ಕಡಿತ ಮಾಡುತ್ತದೆ. ಅಲ್ಲಿ ದುಡಿಯುವವರ ಆದಾಯ ಕುಗ್ಗುತ್ತದೆ, ಅವರು ಖರ್ಚನ್ನು ಇನ್ನೂ ಇಳಿಸುತ್ತಾರೆ, ಮತ್ತೊಬ್ಬರ ಆದಾಯ ಕುಗ್ಗುತ್ತದೆ. ಗುಣಕ, ಅಂದರೆ ಖರ್ಚಿನ ಮೊದಲ ಬದಲಾವಣೆ ಆದಾಯದಲ್ಲಿ ಕೊನೆಗೆ ಎಷ್ಟು ಪಟ್ಟಾಗುತ್ತದೆ ಎಂಬ ಸಂಖ್ಯೆ, 1 ÷ (1 − 0.8) = 5 ಆಗಿರುವುದರಿಂದ, 50ರ ಕಡಿತ ಆದಾಯವನ್ನು 250ರಷ್ಟು ಕೆಳಗಿಳಿಸಿ 750ಕ್ಕೆ ತಂದು ನಿಲ್ಲಿಸುತ್ತದೆ. ಅಲ್ಲಿ ಅನುಭೋಗ 0.8 × 750 − 50 = 550. ಉಳಿತಾಯ ಎಷ್ಟು? 750ರಿಂದ 550 ಕಳೆದರೆ ಮತ್ತದೇ 200. ಹೆಚ್ಚು ಉಳಿಸಲು ಹೊರಟ ಸಮಾಜ ಒಂದಿಷ್ಟೂ ಹೆಚ್ಚು ಉಳಿಸದೆ, ಆದಾಯದ ಕಾಲುಭಾಗವನ್ನು ಮಾತ್ರ ಕಳೆದುಕೊಂಡಿತು. ಇದನ್ನೇ ಮಿತವ್ಯಯದ ವಿರೋಧಾಭಾಸ ಎನ್ನುತ್ತಾರೆ. 1929ರ ನಂತರದ ಮಹಾ ಆರ್ಥಿಕ ಕುಸಿತದ ಹಿನ್ನೆಲೆಯಲ್ಲಿ, 1936ರಲ್ಲಿ ಕೇನ್ಸ್ ಒತ್ತಿ ಹೇಳಿದ್ದು, ಉಳಿತಾಯವನ್ನೂ ಹೂಡಿಕೆಯನ್ನೂ ಸರಿತೂಗಿಸುವ ಕೆಲಸವನ್ನು ಬಡ್ಡಿದರದ ಬದಲು ಆದಾಯವೇ ಮಾಡಬಲ್ಲದು ಎಂಬುದನ್ನು.

ಮರುಪ್ರಶ್ನೆ: ಅಂದರೆ ಉಳಿತಾಯ ಕೆಟ್ಟದ್ದೇ?

ಉತ್ತರ: ಹಾಗೆ ಬರೆಯಬೇಡಿ. ಈ ಲೆಕ್ಕದಲ್ಲಿ ಬೆಲೆ, ಬಡ್ಡಿದರ ಮತ್ತು ಯೋಜಿತ ಹೂಡಿಕೆ ಮೂರನ್ನೂ ನಾನು ಸ್ಥಿರವಾಗಿಟ್ಟಿದ್ದೇನೆ. ಬೇಡಿಕೆ ಕುಗ್ಗಿ ಯಂತ್ರಗಳೂ ದುಡಿಯುವ ಕೈಗಳೂ ಖಾಲಿ ಇರುವ ಅಲ್ಪಾವಧಿಗೆ ಅದು ಹೊಂದುತ್ತದೆ. ಸಂಪನ್ಮೂಲಗಳೆಲ್ಲ ಪೂರ್ತಿ ಬಳಕೆಯಲ್ಲಿರುವಾಗ, ಅನುಭೋಗದಿಂದ ಬಿಡುಗಡೆಯಾದ ಸಂಪನ್ಮೂಲವೇ ಬಂಡವಾಳ ಸರಕಿನ ತಯಾರಿಕೆಗೆ ಹೋಗಬೇಕು. ದೀರ್ಘಾವಧಿಯಲ್ಲಿ ಉಳಿತಾಯವಿಲ್ಲದೆ ಬಂಡವಾಳ ಕೂಡಿಬರುವುದಿಲ್ಲ. ಯಾವ ಅವಧಿ, ಯಾವ ಸ್ಥಿತಿ ಎಂಬುದನ್ನು ಉತ್ತರದ ಮೊದಲ ವಾಕ್ಯದಲ್ಲೇ ಹೇಳಿಬಿಡಿ.

ಪ್ರಶ್ನೆ: ವಿತ್ತೀಯ ಕೊರತೆ ಕಡಿಮೆಯಾದರೂ ಸಾಲ ಏಕೆ ಹೆಚ್ಚುತ್ತದೆ?

ಉತ್ತರ: ಕೊರತೆ, ಅಂದರೆ ಸರ್ಕಾರದ ಖರ್ಚು ಸಾಲವಲ್ಲದ ಆದಾಯವನ್ನು ಮೀರುವ ಮೊತ್ತ, ಒಂದು ವರ್ಷದ ಪ್ರವಾಹ; ಸಾಲ ಆ ದಿನದವರೆಗೆ ಕೂಡಿಬಂದ ಸಂಗ್ರಹ. ನಲ್ಲಿಯನ್ನು ಅರ್ಧ ತಿರುಗಿಸಿದರೂ ನೀರು ಬೀಳುತ್ತಿರುವವರೆಗೆ ತೊಟ್ಟಿ ತುಂಬುತ್ತಲೇ ಇರುತ್ತದೆ. ಇದರ ಜೊತೆಗೆ ಇನ್ನೊಂದನ್ನು ಗಮನಿಸಿ: ಸಾಲ 60, ನಾಮಿಕ ಜಿಡಿಪಿ 100 ಇರುವ ದೇಶದಲ್ಲಿ ಈ ವರ್ಷದ ಕೊರತೆ 5 ಆಗಿ, ಜಿಡಿಪಿ 110ಕ್ಕೆ ಬೆಳೆದರೆ, ಸಾಲ 65ಕ್ಕೆ ಏರಿದರೂ ಜಿಡಿಪಿಯ ಅನುಪಾತದಲ್ಲಿ ಅದು ಶೇ. 60ರಿಂದ ಸುಮಾರು ಶೇ. 59ಕ್ಕೆ ಇಳಿಯುತ್ತದೆ.

ಪ್ರಶ್ನೆ (ಮೊದಲು ಕೇಳಿದ ವಿದ್ಯಾರ್ಥಿನಿ): ಕೊನೆಯದಾಗಿ, ಮೇಡಂ. ನಿರುದ್ಯೋಗ ದರ ಇಳಿದರೆ ಹೆಚ್ಚು ಜನರಿಗೆ ಕೆಲಸ ಸಿಕ್ಕಿದೆ ಎಂದು ಬರೆಯಬಹುದೇ? ಮತ್ತೆ ಎಡವಬಾರದೆಂದು ಕೇಳುತ್ತಿದ್ದೇನೆ.

ಉತ್ತರ: ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಇಲ್ಲಿ ಛೇದವೂ ಬದಲಾಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವ್ಯಾಖ್ಯೆಯಂತೆ ನಿರುದ್ಯೋಗಿ ಎನಿಸಿಕೊಳ್ಳಲು ಕೆಲಸವಿಲ್ಲದಿದ್ದರೆ ಸಾಲದು. ಸಾಮಾನ್ಯವಾಗಿ ಆ ವ್ಯಕ್ತಿ ಕೆಲಸವನ್ನು ಹುಡುಕುತ್ತಿರಬೇಕು, ಸಿಕ್ಕರೆ ಮಾಡಲು ಸಿದ್ಧವಿರಬೇಕು. ಶ್ರಮಬಲದಲ್ಲಿ, ಅಂದರೆ ಕೆಲಸದಲ್ಲಿರುವವರು ಮತ್ತು ನಿರುದ್ಯೋಗಿಗಳು ಸೇರಿ, 100 ಜನರಿದ್ದು 90 ಜನರಿಗೆ ಕೆಲಸವಿದೆ, 10 ಜನ ಹುಡುಕುತ್ತಿದ್ದಾರೆ, ದರ ಶೇ. 10. ಹುಡುಕಿ ಹುಡುಕಿ ಸೋತ ನಾಲ್ವರು ಪ್ರಯತ್ನವನ್ನೇ ಕೈಬಿಟ್ಟರೆ ಅವರು ಶ್ರಮಬಲದಿಂದಲೇ ಹೊರಗುಳಿಯುತ್ತಾರೆ. ಆಗ ಶ್ರಮಬಲ 96, ನಿರುದ್ಯೋಗಿಗಳು 6, ದರ ಶೇ. 6.25. ಕೆಲಸದಲ್ಲಿರುವವರು ಮಾತ್ರ ಮೊದಲಿನಂತೆ 90 ಜನ. ಹಾಗಾಗಿ ನಿರುದ್ಯೋಗ ದರದ ಪಕ್ಕದಲ್ಲಿ ಶ್ರಮಬಲದ ಭಾಗವಹಿಸುವಿಕೆಯ ದರವನ್ನೂ (ದುಡಿಯುವ ವಯಸ್ಸಿನವರಲ್ಲಿ ಶ್ರಮಬಲದ ಪಾಲು), ದುಡಿಯುವ ವಯಸ್ಸಿನ ಜನಸಂಖ್ಯೆಯಲ್ಲಿ ಉದ್ಯೋಗಸ್ಥರ ಪಾಲನ್ನೂ ಇಟ್ಟು ನೋಡಿದ ಮೇಲೆಯೇ ಕೆಲಸ ಸಿಕ್ಕಿತೋ ಇಲ್ಲವೋ ಎಂದು ಬರೆಯಿರಿ.