ಬ್ರಷ್ ಕಂಡರೆ ಮಂಚದ ಕೆಳಗೆ ಓಡುವ ನಾಯಿಮರಿ: ಗ್ರೂಮರ್ (ನಾಯಿಗಳ ಕೂದಲು ಬಾಚಿ ಓರಣ ಮಾಡುವವರು) ಜೊತೆ ಪ್ರಶ್ನೋತ್ತರ

ಪ್ರಶ್ನೆ (ಶಿವಮೊಗ್ಗದ ಸದಸ್ಯೆ):

ಮೇಡಂ, ನಮಸ್ಕಾರ. ಹೋದ ತಿಂಗಳು ನಮ್ಮ ಮನೆಗೆ ಸ್ಪಿಟ್ಜ್ ಮರಿ ಬಂತು. ಎಲ್ಲರೂ ಪಾಮೇರಿಯನ್ ಅಂತಾರಲ್ಲ, ಅದೇ ಬಿಳಿ ಜಾತಿ. ಹೆಸರು ಬೆಳ್ಳಿ. ಈಗಷ್ಟೇ ಮೂರು ತಿಂಗಳು ತುಂಬಿದೆ. ಊಟ, ಆಟ, ನಿದ್ದೆ ಎಲ್ಲ ಚೆನ್ನಾಗಿದೆ. ಬ್ರಷ್ ಒಂದೇ ತೊಂದರೆ.

ಅಂಗಡಿಯವರು ಕೊಟ್ಟ ತಂತಿ ಹಲ್ಲಿನ ಬ್ರಷ್ ತಂದಿದ್ದೆವು. ಮೊದಲ ದಿನ ನಮ್ಮ ಯಜಮಾನರು ಹಿಡಿದುಕೊಂಡರು, ನಾನು ಬಾಚಿದೆ. ಕುಂಯ್ ಕುಂಯ್ ಅಂತ ಅತ್ತು ಅಲ್ಲೇ ಉಚ್ಚೆ ಮಾಡಿಕೊಂಡಳು. ಅವತ್ತಿನಿಂದ ಬ್ರಷ್ ಇಡುವ ಡ್ರಾಯರ್ ಎಳೆದ ಸದ್ದು ಕೇಳಿದರೆ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ. ಮೊನ್ನೆ ಗುರ್ ಅಂದಳು. ನಿನ್ನೆ ನನ್ನ ಕೈಗೇ ಬಾಯಿ ಹಾಕಿದಳು. ದೇವರ ಮನೆಯವರೆಗೂ ಕೂದಲು ಬರುತ್ತಿದೆ ಅಂತ ಅತ್ತೆಗೆ ಬೇಸರ. "ಅಭ್ಯಾಸ ಆಗುವ ತನಕ ಗಟ್ಟಿಯಾಗಿ ಹಿಡಿದು ಬಾಚಿ" ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಹಾಗೇ ಮಾಡಬೇಕಾ? ಅಂದ ಹಾಗೆ, ನಮ್ಮದು ಸಸ್ಯಾಹಾರಿ ಮನೆ.

ಉತ್ತರ (ಗ್ರೂಮರ್):

ಮೊದಲು ನಿಮ್ಮ ಕೈ ವಿಷಯ. ಹಲ್ಲು ತಾಗಿ ಚರ್ಮ ಗೀರಿದ್ದರೆ, ನಿನ್ನೆಯದಾದರೂ ಪರವಾಗಿಲ್ಲ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಇವತ್ತೇ ಡಾಕ್ಟರ ಹತ್ತಿರ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಮನೆಯ ಮರಿ, ಪುಟ್ಟದು ಅಂತ ಬಿಡಬೇಡಿ.

ಇನ್ನು ಬೆಳ್ಳಿ ವಿಷಯ. ಹಿಡಿದು ಬಾಚುವುದು ಖಂಡಿತ ಬೇಡ. ನಿಮ್ಮ ಕಥೆಯಲ್ಲೇ ಕಾರಣ ಇದೆ. ಮೊದಲು ಅತ್ತಳು. ನೀವು ನಿಲ್ಲಿಸಲಿಲ್ಲ. ಆಮೇಲೆ ಓಡಿದಳು, ಹಿಡಿದು ತಂದಿರಿ. ಗುರ್ ಅಂದಳು, ಆಗಲೂ ಬ್ರಷ್ ಬಂತು. ಬಾಯಿ ಹಾಕಿದಾಗ ಮಾತ್ರ ನೀವು ಕೈ ಹಿಂದೆ ತೆಗೆದಿರಿ, ಅಲ್ವಾ? ಅಂದರೆ ಕಚ್ಚಿದರೆ ಕೆಲಸ ಆಗುತ್ತೆ ಅಂತ ಅವಳಿಗೆ ನಾವೇ ಕಲಿಸಿದ ಹಾಗಾಯಿತು. ಈಗ ಇದನ್ನು ತಿರುಗಿಸಬೇಕು. ಮುಖ ತಿರುಗಿಸಿದರೂ ಸಾಕು ನೀವು ನಿಲ್ಲಿಸುತ್ತೀರಿ ಅಂತ ಅವಳಿಗೆ ನಂಬಿಕೆ ಬರಬೇಕು. ಆ ನಂಬಿಕೆ ಬಂದರೆ ಬಾಚುವುದು ತಾನಾಗೇ ಬರುತ್ತೆ. ಗುರ್ ಅಂದರೆ ಬೈಯಬೇಡಿ. ಬೈದು ಅದನ್ನು ನಿಲ್ಲಿಸಿದರೆ ಮುಂದೆ ಸದ್ದೇ ಮಾಡದೆ ಕಚ್ಚುತ್ತಾಳೆ.

ಆ ತಂತಿ ಬ್ರಷ್‌ಗೆ ಸ್ಲಿಕರ್ ಅಂತ ಹೆಸರು. ಅದನ್ನು ನಿಮ್ಮ ಮುಂಗೈ ಒಳಭಾಗಕ್ಕೆ ಒತ್ತಿ ಎಳೆದು ನೋಡಿ. ಕೆಂಪು ಗೀರು ಬೀಳುತ್ತೆ. ಮರಿಯ ಚರ್ಮ ಅದಕ್ಕಿಂತ ಮೃದು. ಸದ್ಯ ಅದು ಅಟ್ಟ ಸೇರಲಿ. ಎಳೆ ಮಕ್ಕಳ ತಲೆ ಬಾಚುವ ಮೆತ್ತನೆ ಬ್ರಷ್ ಸಿಗುತ್ತಲ್ಲ, ಅದು ತನ್ನಿ. ಅದನ್ನು ಆ ಡ್ರಾಯರ್‌ನಲ್ಲಿ ಮಾತ್ರ ಇಡಬೇಡಿ! ಆ ಸದ್ದು ಈಗಾಗಲೇ ಕೆಟ್ಟಿದೆ.

ಜಾಗ ಕೂಡ ಬದಲಾಗಲಿ. ಟೈಲ್ಸ್ ನೆಲದಲ್ಲಿ ಮರಿಯ ಕಾಲು ಜಾರುತ್ತೆ, ಜಾರಿದರೆ ಹೆದರಿಕೆ ದುಪ್ಪಟ್ಟು. ಒಂದು ಜಮಖಾನ ಹಾಸಿ ನೀವೂ ಕೆಳಗೇ ಕೂತುಕೊಳ್ಳಿ. ಬಾಗಿಲು ತೆಗೆದಿರಲಿ. ಒಬ್ಬರೇ ಇರಿ, ಯಜಮಾನರು ಪೇಪರ್ ಓದಲಿ. ಸಂಜೆ ಆಟ ಮುಗಿದು, ಊಟಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಒಳ್ಳೆಯ ಸಮಯ.

ತಿನ್ನಲು ಏನು ಕೊಡುವುದು? ಪನೀರ್ ಸಾಕು. ಕಡಲೆಕಾಳಿನಷ್ಟು ಚೂರು ಮಾಡಿಕೊಳ್ಳಿ. ಬೇಯಿಸಿದ ಸಿಹಿಗುಂಬಳವೂ ಆಗುತ್ತೆ, ಉಪ್ಪು ಹಾಕಬೇಡಿ. ಪೀನಟ್ ಬಟರ್ ಕೊಡುವವರು ಡಬ್ಬಿ ಓದಿ. ಕ್ಸೈಲಿಟಾಲ್ ಅನ್ನುವ ಸಿಹಿ ಇದ್ದರೆ ಅದು ನಾಯಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿಯೂ ಬೇಡ. ಇದನ್ನು ಅತ್ತೆಗೆ ಮೆಲ್ಲಗೆ ಹೇಳಿಡಿ, ಪ್ರಸಾದದ ಸಜ್ಜಿಗೆ ಎಷ್ಟೋ ಮನೆಗಳಲ್ಲಿ ಮೊದಲು ನಾಯಿಗೇ ಹೋಗುತ್ತೆ.

ಈಗ ಶುರು ಮಾಡೋಣ. ಮೊದಲ ಎರಡು ಮೂರು ದಿನ ಬಾಚುವುದೇ ಇಲ್ಲ. ಬ್ರಷ್ ಹೊರಗೆ ತೆಗೆದು ಜಮಖಾನದ ಮೇಲೆ ಇಡಿ. ಅವಳು ಅದನ್ನು ನೋಡಿದಳು, ಒಂದು ಚೂರು ಪನೀರ್. ಮೂಸಿದಳು, ಇನ್ನೊಂದು ಚೂರು. ಒಂದು ನಿಮಿಷ ಆದ ಮೇಲೆ ಬ್ರಷ್ ಬೆನ್ನ ಹಿಂದೆ ಅಡಗಿಸಿ, ಪನೀರ್ ಕೂಡ ಬಂದ್. ಇಷ್ಟೇ. ದಿನಕ್ಕೆ ಎರಡು ಸಲ.

ಎಲ್ಲರೂ ಎಡವುವುದು ಇಲ್ಲೇ. ಮೊದಲು ಬ್ರಷ್ ಬರಬೇಕು, ಆಮೇಲೆ ಪನೀರ್. ತುಂಬಾ ಜನ ತಿಂಡಿ ತೋರಿಸಿ ಹತ್ತಿರ ಕರೆದು, ತಿನ್ನುತ್ತಿರುವಾಗ ಬ್ರಷ್ ತೆಗೆಯುತ್ತಾರೆ. ಆಗ ನಾಯಿ ಕಲಿಯುವುದು "ತಿಂಡಿ ಬಂದರೆ ಹಿಂದೆ ಬ್ರಷ್ ಇದೆ" ಅಂತ. ನನ್ನ ಹತ್ತಿರ ಬಂದಿದ್ದ ಒಂದು ಲ್ಯಾಬ್ರಡಾರ್ ನಾಯಿ ಬಿಸ್ಕೆಟ್ ಡಬ್ಬಿ ಅಲ್ಲಾಡಿಸಿದರೆ ಓಡಿಹೋಗುತ್ತಿತ್ತು. ತಿಂಡಿ ಅಂದರೆ ಪ್ರಾಣ ಬಿಡುವ ಲ್ಯಾಬ್! ಯೋಚಿಸಿ.

ಬ್ರಷ್ ಕಂಡಾಗ ಬೆಳ್ಳಿ ನಿಮ್ಮ ಮುಖ ನೋಡಿ ಬಾಲ ಆಡಿಸಿದ ದಿನ ಮುಂದಕ್ಕೆ ಹೋಗಿ. ಬರಿ ಕೈಯಿಂದ ಎದೆ, ಕತ್ತಿನ ಪಕ್ಕ, ಭುಜ ಸವರಿ. ಸವರಿದ ಮೇಲೆ ಪನೀರ್. ಆಮೇಲೆ ಬ್ರಷ್‌ನ ಬೆನ್ನಿನಿಂದ ಸವರಿ. ಆಮೇಲೆ ಕೂದಲು ಮಲಗಿರುವ ದಿಕ್ಕಿಗೇ ಒಂದು ಎಳೆತ. ಒಂದೇ! ಎರಡನೆಯದು ನಾಳೆಗೆ. ಬಾಲ, ಪಂಜ, ಹೊಟ್ಟೆ, ಕಿವಿ ಹಿಂಭಾಗ ಇವೆಲ್ಲ ಕೊನೆಗೆ, ಅಲ್ಲೇ ಅವರಿಗೆ ಜಾಸ್ತಿ ಕಸಿವಿಸಿ.

ಅವಳು ಬೇಡ ಅನ್ನುವುದನ್ನು ಓದಲು ಕಲಿಯಿರಿ. ನಿದ್ದೆ ಬಾರದಿದ್ದರೂ ಆಕಳಿಸುವುದು, ಸುಮ್ಸುಮ್ನೆ ಮೂಗು ನೆಕ್ಕಿಕೊಳ್ಳುವುದು, ಕಣ್ಣಿನ ಬಿಳಿ ಕಾಣುವ ಹಾಗೆ ಓರೆ ನೋಟ, ಕಿವಿ ಹಿಂದಕ್ಕೆ, ಬಾಲ ಕಾಲ ಸಂದಿಗೆ. ಇದರಲ್ಲಿ ಒಂದು ಕಂಡರೂ ಬ್ರಷ್ ಕೆಳಗಿಡಿ. ನಾಳೆ ಒಂದು ಹೆಜ್ಜೆ ಹಿಂದಿನಿಂದ ಶುರು ಮಾಡಿ.

ಮರಿಗಳು ಹೊಸದನ್ನು ಸುಲಭವಾಗಿ ಒಪ್ಪುವ ಕಾಲ ಸುಮಾರು 3ನೇ ವಾರದಿಂದ 12–14ನೇ ವಾರದವರೆಗೆ. ಬೆಳ್ಳಿ ಅದರ ತುದಿಯಲ್ಲಿದ್ದಾಳೆ. ಆಮೇಲೆ ಕಲಿಯುವುದಿಲ್ಲ ಅಂತಲ್ಲ, ಜಾಸ್ತಿ ದಿನ ಹಿಡಿಯುತ್ತೆ. ಹಾಗಾಗಿ ಇವತ್ತೇ ಶುರು ಮಾಡಿ, ಆದರೆ ಅವಸರ ಮಾಡಬೇಡಿ.

ಸದಸ್ಯೆ (ಶಿವಮೊಗ್ಗ): ಒಂದೊಂದೇ ಎಳೆತ ಅಂದರೆ ಅಷ್ಟರಲ್ಲಿ ಕೂದಲು ಸಿಕ್ಕಾಗಲ್ವಾ ಮೇಡಂ? ಇಲ್ಲಿ ಮಳೆ ಬೇರೆ ಹಿಡಿದಿದೆ.

ಗ್ರೂಮರ್: ಈ ವಯಸ್ಸಿನಲ್ಲಿ ಹತ್ತಿಯಂಥ ಮರಿಗೂದಲು, ಅಷ್ಟು ಸಿಕ್ಕಾಗುವುದಿಲ್ಲ. ನಾಲ್ಕು–ಆರು ತಿಂಗಳ ಹೊತ್ತಿಗೆ ಅದು ಉದುರಿ ದೊಡ್ಡ ಕೂದಲು ಬರಲು ಶುರುವಾಗುತ್ತೆ. ನಿಜವಾದ ಬಾಚುವ ಕೆಲಸ ಆಗ. ನಿಮಗೆ ಸಮಯ ಇದೆ. ಹೊರಗೆ ನೆನೆದು ಬಂದರೆ ಒಣ ಟವೆಲ್ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಉಜ್ಜಿದರೇ ಸಿಕ್ಕು. ಕಿವಿ ಹಿಂದೆ, ಕಂಕುಳಲ್ಲಿ, ಬೆಲ್ಟ್ ಕೆಳಗೆ ದಿನಾ ಬೆರಳಾಡಿಸಿ ನೋಡಿ. ಸಣ್ಣ ಗಂಟು ಸಿಕ್ಕರೆ ಚೂರು ಕಾರ್ನ್ ಫ್ಲೋರ್ ಉದುರಿಸಿ, ಬುಡವನ್ನು ಎರಡು ಬೆರಳಲ್ಲಿ ಹಿಡಿದು ತುದಿಯಿಂದ ಬಿಡಿಸುತ್ತಾ ಬನ್ನಿ. ಬುಡ ಹಿಡಿದರೆ ಚರ್ಮ ಎಳೆಯುವುದಿಲ್ಲ. ಕತ್ತರಿ ಮುಟ್ಟಬೇಡಿ, ಗಂಟಿನ ಜೊತೆ ಚರ್ಮವೂ ಮೇಲೆದ್ದಿರುತ್ತೆ. ಸಿಕ್ಕು ಬಿಡಿಸದೆ ಸ್ನಾನವನ್ನೂ ಮಾಡಿಸಬೇಡಿ, ನೀರು ಬಿದ್ದರೆ ಗಂಟು ಇನ್ನೂ ಬಿಗಿಯಾಗುತ್ತೆ.

ಒಂದೇ ಜಾಗ ಮುಟ್ಟಿದಾಗಲೆಲ್ಲ ಕುಂಯ್ ಅಂದರೆ ಅದು ಹೆದರಿಕೆ ಅಲ್ಲ, ನೋವಿರಬಹುದು. ಮಲೆನಾಡಲ್ಲಿ ಉಣುಗು ಬೇರೆ ಜಾಸ್ತಿ. ಅಂಥ ಕಡೆ ನನ್ನ ಪನೀರ್ ಕೆಲಸ ಮಾಡಲ್ಲ, ಪಶುವೈದ್ಯರಿಗೆ ತೋರಿಸಿ.

ಇನ್ನೊಬ್ಬ ಸದಸ್ಯರು (ಹುಬ್ಬಳ್ಳಿ): ನಾವು ಚಿಕ್ಕಂದಿನಿಂದ ಹಿಡಿದೇ ಬಾಚುತ್ತೇವೆ ಮೇಡಂ. ನಮ್ಮ ನಾಯಿ ಕಲ್ಲಿನ ಹಾಗೆ ನಿಲ್ಲುತ್ತೆ. ಇಷ್ಟೆಲ್ಲ ಯಾಕೆ?

ಗ್ರೂಮರ್: ಸರ್, ಆ ಕಲ್ಲಿನ ಹಾಗೆ ಅನ್ನುವುದೇ ನನಗೆ ಯೋಚನೆ. ಆರಾಮಾಗಿರುವ ನಾಯಿ ಕಲ್ಲಿನ ಹಾಗೆ ನಿಲ್ಲಲ್ಲ. ಒರಗುತ್ತೆ, ಕೂರುತ್ತೆ, ಕೆಲವು ಮಲಗಿಯೇ ಬಿಡುತ್ತವೆ. ಒಂದು ಪರೀಕ್ಷೆ ಮಾಡಿ. ಹತ್ತು ಸೆಕೆಂಡ್ ಬಾಚಿ ಕೈ ತೆಗೆಯಿರಿ. ನಾಯಿ ಇನ್ನೂ ಬೇಕು ಅಂತ ಹತ್ತಿರ ಬಂತಾ, ಮೈ ಕೊಡವಿಕೊಂಡು ದೂರ ಹೋಯಿತಾ? ಉತ್ತರ ಅದೇ ಹೇಳುತ್ತೆ. ನನ್ನ ಟೇಬಲ್ ಮೇಲೆ ನನ್ನನ್ನು ಕಚ್ಚಿದ ನಾಯಿಗಳಲ್ಲಿ ಅರ್ಧಕ್ಕರ್ಧ "ಏನೂ ಮಾಡಲ್ಲ ಮೇಡಂ" ಅಂತ ಬಿಟ್ಟುಹೋದವೇ.

ಸದಸ್ಯೆ (ಮಂಡ್ಯ): ನಮ್ಮದೂ ಸ್ಪಿಟ್ಜ್. ಬಾಚುವ ಗೋಳೇ ಬೇಡ ಅಂತ ಬೇಸಿಗೆಯಲ್ಲಿ ಬೋಳಿಸಿಬಿಡಬಹುದಾ?

ಗ್ರೂಮರ್: ಬೇಡ. ಅದರದು ಎರಡು ಪದರದ ಕೂದಲು. ಮೇಲಿನದು ಬಿಸಿಲು ತಡೆಯುತ್ತೆ. ಬೋಳಿಸಿದರೆ ಚರ್ಮ ಸುಡುತ್ತೆ, ಕೂದಲು ಮತ್ತೆ ಸರಿಯಾಗಿ ಬಾರದೆ ತೇಪೆ ತೇಪೆ ಆಗುವುದೂ ಉಂಟು. ಒಳಗಿನ ಸತ್ತ ಕೂದಲು ಬಾಚಿ ತೆಗೆದರೆ ಗಾಳಿ ಆಡುತ್ತೆ.

ಸದಸ್ಯರು (ಬಾಗಲಕೋಟೆ): ಮುಧೋಳ ನಾಯಿಗೆ ಇದೆಲ್ಲ ಬೇಕಾ?

ಗ್ರೂಮರ್: ವಾರಕ್ಕೊಮ್ಮೆ ರಬ್ಬರ್ ಗ್ಲೌಸ್ ಹಾಕಿ ಸವರಿದರೆ ಆಯಿತು. ಚರ್ಮ ತೆಳು, ಗಟ್ಟಿ ಬ್ರಷ್ ಬೇಡ.

ಸದಸ್ಯೆ (ಶಿವಮೊಗ್ಗ), 19 ದಿನದ ನಂತರ:

ಮೇಡಂ, ವರದಿ ಒಪ್ಪಿಸುತ್ತಿದ್ದೇನೆ. ನನ್ನ ಕೈಗೆ ಚುಚ್ಚುಮದ್ದು ನಡೀತಿದೆ. ಮೊದಲ ಐದು ದಿನ ಬ್ರಷ್ ಹತ್ತಿರವೇ ಬರಲಿಲ್ಲ, ಕೈಬಿಟ್ಟುಬಿಡೋಣ ಅನ್ನಿಸಿತ್ತು. ಆರನೇ ದಿನ ತಾನೇ ಬಂದು ಬ್ರಷ್ ಮೂಸಿ ನನ್ನ ಮುಖ ನೋಡಿದಳು. ಈಗ ಎದೆ, ಭುಜ, ಬೆನ್ನು ಹತ್ತು ಹನ್ನೆರಡು ಎಳೆತ ಒಪ್ಪುತ್ತಾಳೆ. ಬೇಡ ಅನ್ನಿಸಿದರೆ ಮುಖ ತಿರುಗಿಸುತ್ತಾಳೆ, ನಾನು ನಿಲ್ಲಿಸುತ್ತೇನೆ. ವಿಚಿತ್ರ ಅಂದರೆ ಅರ್ಧ ನಿಮಿಷಕ್ಕೆ ಅವಳೇ ವಾಪಸ್ ಬರುತ್ತಾಳೆ. ಪನೀರ್ ಹೆಚ್ಚುವ ಕೆಲಸ ಅತ್ತೆ ವಹಿಸಿಕೊಂಡಿದ್ದಾರೆ. ಹಿಂಗಾಲಿನ ಹಿಂದೆ, ಆ ಚಡ್ಡಿಯಂಥ ಕೂದಲು ಮಾತ್ರ ಮುಟ್ಟಲು ಬಿಡಲ್ಲ. ಏನು ಮಾಡಲಿ?

ಗ್ರೂಮರ್: ಅವಳು ವಾಪಸ್ ಬರುತ್ತಿದ್ದಾಳೆ ಅಂದರೆ ದೊಡ್ಡ ಕೆಲಸ ಆಗಿದೆ. ಚಡ್ಡಿ ಹತ್ತಿರ ಬ್ರಷ್ ತರಬೇಡಿ. ಮತ್ತೆ ಬರಿ ಕೈಗೆ ಹೋಗಿ. ಒಂದು ತಟ್ಟೆಗೆ ಗಟ್ಟಿ ಮೊಸರು ತೆಳ್ಳಗೆ ಬಳಿದು ಪಕ್ಕದಲ್ಲಿ ಇಟ್ಟುಕೊಳ್ಳಿ. ಸೊಂಟದ ಮೇಲೆ ಕೈ ಇಟ್ಟ ಮೇಲೆ ತಟ್ಟೆ ಬರಲಿ, ಕೈ ತೆಗೆದಾಗ ತಟ್ಟೆ ಹೋಗಲಿ. ಕೈ ದಿನಕ್ಕೆ ಒಂದಿಂಚು ಕೆಳಗೆ ಇಳಿಯಲಿ. ತಲೆ ಎತ್ತಿ ಹಿಂದೆ ತಿರುಗಿ ನೋಡಿದರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸಿ.

ಸದಸ್ಯೆ (ಶಿವಮೊಗ್ಗ): ಸರಿ ಮೇಡಂ. ಮೊಸರು ಅಂದ ತಕ್ಷಣ ಅತ್ತೆ ಹೆಪ್ಪು ಹಾಕಲು ಹೋದರು.