ಮನೆಯಲ್ಲಿ ಕಾರು ಚಾರ್ಜ್ ಮಾಡಲು ಯಾವ ಕೇಬಲ್ ಕೊಳ್ಳಲಿ? ಮೀಟರ್‌ನಿಂದ ಶೆಡ್ಡಿಗೆ 22 ಮೀಟರ್

ಕ್ಯಾತಸಂದ್ರದ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ವಿದ್ಯುತ್ತಿನ ವಿಷಯ ಹೆಚ್ಚು ತಿಳಿಯದು, ಹಾಗಾಗಿ ಎಲ್ಲವನ್ನೂ ಬಿಡಿಸಿ ಬರೆಯುತ್ತೇನೆ.

ಮನೆ ತುಮಕೂರಿನ ಕ್ಯಾತಸಂದ್ರದಲ್ಲಿ, ಶಾಲೆ ನಿಟ್ಟೂರಿನ ಆಚೆ. ಹೋಗಿ ಬರಲು ದಿನಕ್ಕೆ 70 ಕಿಲೋಮೀಟರ್. ಹೋದ ತಿಂಗಳು ಎರಡನೇ ಕೈಯ ಎಲೆಕ್ಟ್ರಿಕ್ ಕಾರು ಕೊಂಡೆವು. ಬ್ಯಾಟರಿ 30 ಯೂನಿಟ್‌ನದು. ಕಾರಿನ ಜೊತೆ ಮೂರು ಪಿನ್ನಿನ ಪ್ಲಗ್ ಇರುವ ಕೇಬಲ್ ಬಂದಿದೆ, ಮಧ್ಯದಲ್ಲಿ ಇಟ್ಟಿಗೆಯಷ್ಟು ದಪ್ಪದ ಕಪ್ಪು ಡಬ್ಬಿ, ತುದಿಯಲ್ಲಿ ಕಾರಿಗೆ ಸಿಕ್ಕಿಸುವ ಗನ್. ಉದ್ದ 5 ಮೀಟರ್.

ತೊಂದರೆ ಏನೆಂದರೆ, ನಮ್ಮದು 1996ರಲ್ಲಿ ಕಟ್ಟಿದ ಮನೆ. ಮೀಟರ್ ಬೋರ್ಡು ಮುಂದಿನ ಜಗುಲಿಯಲ್ಲಿದೆ, ಕಾರು ನಿಲ್ಲುವುದು ಹಿತ್ತಲಿನ ಶೆಡ್ಡಿನಲ್ಲಿ. ಟೇಪು ಹಿಡಿದು ಅಳೆದೆ, ಗೋಡೆಯ ಮಗ್ಗುಲಲ್ಲೇ ಹೋದರೆ 22 ಮೀಟರ್. ಮಂಡಿಪೇಟೆಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ತಂದು ಅಡುಗೆಮನೆಯ ಪವರ್ ಪಾಯಿಂಟಿಗೆ ಹಾಕಿದೆವು. ಎರಡು ರಾತ್ರಿ ಏನೂ ಆಗಲಿಲ್ಲ. ಮೂರನೆಯ ರಾತ್ರಿ ಹನ್ನೊಂದರ ಹೊತ್ತಿಗೆ ಅತ್ತೆಯವರು ಏನೋ ಸುಟ್ಟ ವಾಸನೆ ಎಂದು ಎಬ್ಬಿಸಿದರು. ಹೋಗಿ ನೋಡಿದರೆ ಬಾಕ್ಸಿನ ಒಂದು ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ಕು ಹಳೆ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಪ್ಲಗ್ ಎಳೆದಾಗ ಪಿನ್ನಿನ ಜೊತೆ ಪ್ಲಾಸ್ಟಿಕ್ಕಿನ ಎಳೆಯೂ ಬಂತು. ಅಂದಿನಿಂದ ಬಸ್ಸಿನಲ್ಲೇ ಓಡಾಡುತ್ತಿದ್ದೇನೆ.

ಅಂತರ್ಜಾಲದಲ್ಲಿ 15 ಮೀಟರ್ ಉದ್ದದ ಕೇಬಲ್ ಅರ್ಧ ಬೆಲೆಗೆ ಸಿಗುತ್ತಿದೆ. ಅದನ್ನು ಕೊಂಡರೆ ಸಾಕೇ? ಅಥವಾ 7.2 ಕಿಲೋವ್ಯಾಟಿನ ಗೋಡೆ ಚಾರ್ಜರ್ ಹಾಕಿಸಬೇಕೇ? ಶೆಡ್ಡಿನ ಪಕ್ಕದಲ್ಲೇ ಒಗೆಯುವ ಕಲ್ಲಿದೆ, ನೆಲ ಯಾವಾಗಲೂ ಒದ್ದೆ. ಮಕ್ಕಳು ಅಲ್ಲೇ ಆಡುತ್ತಾರೆ. ನನಗೆ ಅದೇ ಭಯ.

ಶಿರಾ ಗೇಟ್ ಹುಡುಗ:

ಮೇಡಂ, ಯೋಚನೆಯೇ ಬೇಡ, 7.2 ಹಾಕಿಸಿ. ನಾನು ಎರಡು ವರ್ಷದಿಂದ ಬಳಸುತ್ತಿದ್ದೇನೆ. ರಾತ್ರಿ ಊಟಕ್ಕೆ ಕೂರುವಾಗ ಹಾಕಿದರೆ ಮಲಗುವ ಮುಂಚೆ ಮುಗಿದಿರುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸನ್ನು ಮಾತ್ರ ಇವತ್ತೇ ಎಸೆಯಿರಿ.

ಹಳೆಯ ವೈರ್‌ಮನ್, ಕೋಲಾರ:

ಟೀಚರಮ್ಮ, ನಿಮ್ಮ ಅತ್ತೆಯವರಿಗೆ ಮೊದಲು ಕೈ ಮುಗಿಯುತ್ತೇನೆ. ಆ ಹೊತ್ತಿನಲ್ಲಿ ಎಚ್ಚರವಾದದ್ದು ದೊಡ್ಡದು. ನಾನು 31 ವರ್ಷ ವೈರಿಂಗ್ ಗುತ್ತಿಗೆ ಮಾಡಿದವನು. ಇಂಥ ಸುಟ್ಟ ಸಾಕೆಟ್‌ಗಳನ್ನು ಬಹಳ ಬಿಚ್ಚಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೇಲಿನ ತಮ್ಮ ಹೇಳಿದ್ದು ಅವರ ಕಾರಿಗೆ ಸರಿ. ನಿಮ್ಮ ಕಾರಿಗೆ ಸರಿಯೇ ಎಂದು ಮೊದಲು ನೋಡಬೇಕು. ಚಾರ್ಜರ್ ಎಂದು ನಾವು ಕರೆಯುವ ಆ ಡಬ್ಬಿ ನಿಜವಾದ ಚಾರ್ಜರ್ ಅಲ್ಲ. ಮನೆಗೆ ಬರುವ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಚಾರ್ಜರ್ ಕಾರಿನೊಳಗೇ ಇದೆ. ಡಬ್ಬಿಯ ಕೆಲಸ ಕಾವಲುಗಾರನದು. ಅರ್ಥ್ ಇದೆಯೇ, ಗನ್ ಸರಿಯಾಗಿ ಕೂತಿದೆಯೇ ಎಂದು ನೋಡಿ, ಗನ್ನಿನ ಒಂದು ಸಣ್ಣ ಪಿನ್ನಿನ ಮೂಲಕ ಸೆಕೆಂಡಿಗೆ ಸಾವಿರ ಮಿಡಿತಗಳ ಸಂಕೇತ ಕಳಿಸಿ, ‘ಇಷ್ಟು ಆಂಪಿಯರ್ ಮೀರಬೇಡ’ ಎಂದು ಕಾರಿಗೆ ಹೇಳುತ್ತದೆ. ಕಾರಿನೊಳಗಿನ ಚಾರ್ಜರ್ 3.3 ಕಿಲೋವ್ಯಾಟಿನದಾದರೆ ಗೋಡೆಯ ಮೇಲೆ 7.2 ತೂಗುಹಾಕಿದರೂ ಅದು ಎಳೆಯುವುದು 3.3 ಮಾತ್ರ. ಕಾರಿನ ಕೈಪಿಡಿಯಲ್ಲಿ ನೋಡಿ. 30 ಯೂನಿಟ್ ಬ್ಯಾಟರಿಯ ಹಳೆ ಕಾರುಗಳಲ್ಲಿ 3.3 ಇರುವುದೇ ಹೆಚ್ಚು.

ಇನ್ನು ನಿಮ್ಮ ಅಗತ್ಯ. 70 ಕಿಲೋಮೀಟರಿಗೆ ಸುಮಾರು 10 ಯೂನಿಟ್, ಚಾರ್ಜ್ ಮಾಡುವಾಗ ಶಾಖವಾಗಿ ಹೋಗುವುದೂ ಸೇರಿದರೆ 11. 3.3ರಲ್ಲಿ ಮೂರೂವರೆ ಗಂಟೆ ಹಿಡಿಯಬಹುದು. ರಾತ್ರಿ ಹತ್ತಕ್ಕೆ ಹಾಕಿದರೆ ನಡುರಾತ್ರಿ ಕಳೆದು ಎರಡು ಹೊಡೆಯುವ ಮುಂಚೆ ಮುಗಿಯುತ್ತದೆ. ಹಾಗಾಗಿ ನಿಮ್ಮ ಬಳಿ ಇರುವ ಕೇಬಲ್ಲೇ ಸಾಕು. ಹೊಸದು ಕೊಳ್ಳಬೇಡಿ. ಹಣವನ್ನು ಗೋಡೆಯೊಳಗಿನ ತಂತಿಗೂ ನೆಲದೊಳಗಿನ ಅರ್ಥಿಗೂ ಹಾಕಿ.

ಪ್ಲಾಸ್ಟಿಕ್ಕು ಏಕೆ ಕರಗಿತು ಎಂದು ಹೇಳುತ್ತೇನೆ. ಮಿಕ್ಸಿ ಐದು ನಿಮಿಷ ಓಡುತ್ತದೆ, ಗೀಸರ್ ಕಾಲು ಗಂಟೆ. ಕಾರು 15 ಆಂಪಿಯರನ್ನು ಗಂಟೆಗಟ್ಟಲೆ ಬಿಡದೆ ಎಳೆಯುತ್ತದೆ. ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿ ಸಡಿಲವಾಗಿ, ಅಲ್ಲಿ ಒಂದು ಓಮಿನ ಹತ್ತನೇ ಒಂದು ಭಾಗ ತಡೆ ಬಂದರೂ 15ನ್ನು 15ರಿಂದ ಗುಣಿಸಿ 0.1ರಿಂದ ಗುಣಿಸಿ: 22.5 ವ್ಯಾಟ್. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದು. ಅಂಥ ಕಡ್ಡಿಯನ್ನು ಒಂದು ಪಿನ್ನಿಗೆ ಒತ್ತಿ ಹಿಡಿದು ರಾತ್ರಿಯಿಡೀ ಬಿಟ್ಟ ಹಾಗೆ ಆಯಿತು.

ನಮ್ಮ ತಂದೆ ಕೆಜಿಎಫ್ ಗಣಿಯ ವಿದ್ಯುತ್ ವಿಭಾಗದಲ್ಲಿದ್ದರು. 1902ರಲ್ಲಿ ಶಿವನಸಮುದ್ರದಿಂದ ಚಿನ್ನದ ಗಣಿಗೆ ಸುಮಾರು ನೂರೈವತ್ತು ಕಿಲೋಮೀಟರ್ ತಂತಿ ಎಳೆದು ವಿದ್ಯುತ್ತು ತಂದ ಕತೆಯನ್ನು ನಮಗೆ ಅನ್ನದ ಜೊತೆ ಕಲಸಿ ತಿನ್ನಿಸುತ್ತಿದ್ದರು. ಅಷ್ಟು ದೂರಕ್ಕೆ ವೋಲ್ಟೇಜನ್ನು ಸಾವಿರಗಳಿಗೆ ಏರಿಸಿ ಕರೆಂಟ್ ಇಳಿಸಿದರು, ಹಾಗಾಗಿ ದಾರಿಯಲ್ಲಿ ನಷ್ಟ ಕಡಿಮೆಯಾಯಿತು. ಮನೆಯಲ್ಲಿ ನಮಗೆ ಸಿಗುವುದು 230 ವೋಲ್ಟ್. ನಾವು ಮಾಡಬಹುದಾದದ್ದು ತಂತಿಯನ್ನು ದಪ್ಪ ಮಾಡುವುದು, ಅಷ್ಟೆ. 22 ಮೀಟರಿಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಸಿ. ಹೋಗಿ ಬರುವ ದಾರಿ ಸೇರಿ 3 ವೋಲ್ಟ್ ಬೀಳುತ್ತದೆ, ಪರವಾಗಿಲ್ಲ. ಮುಂದೆ ದೊಡ್ಡ ಕಾರು ಕೊಳ್ಳುವ ಆಲೋಚನೆಯಿದ್ದರೆ ಈಗಲೇ 6 ಹಾಕಿಸಿ, ಗೋಡೆ ಎರಡು ಸಲ ಒಡೆಯುವುದು ತಪ್ಪುತ್ತದೆ. ಈ ತಂತಿ ಮೀಟರ್ ಬೋರ್ಡಿನಿಂದ ಶೆಡ್ಡಿನವರೆಗೆ ಕೊಳವೆಯೊಳಗೆ ಒಂದೇ ಓಟದಲ್ಲಿ ಹೋಗಬೇಕು. ನಡುವೆ ಜೋಡಣೆ ಬೇಡ, ಬೇರೆ ಪಾಯಿಂಟ್ ಬೇಡ.

ಬೋರ್ಡಿನಲ್ಲಿ ಅದಕ್ಕೆಂದೇ 20 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), ಜೊತೆಗೆ ಆರ್‌ಸಿಸಿಬಿ, ಅಂದರೆ 30 ಮಿಲಿಆಂಪಿಯರ್ ಕರೆಂಟ್ ನೆಲಕ್ಕೆ ಸೋರಿದರೂ ಬೀಳುವ ಸ್ವಿಚ್. ಕೊಳ್ಳುವಾಗ ಅದರ ಮುಖ ನೋಡಿ. ಒಂದೇ ಅಲೆಯ ಗುರುತು ಇದ್ದರೆ ಅದು ಸಾಧಾರಣದ್ದು. ಅಲೆಯ ಕೆಳಗೆ ಅರ್ಧ ಅಲೆಗಳ ಇನ್ನೊಂದು ಗುರುತೂ ಇದ್ದರೆ ಅದು ‘ಎ’ ಮಾದರಿ. ಕಾರಿಗೆ ಬೇಕಾದದ್ದು ಅದು. ಒದ್ದೆ ನೆಲ, ಆಡುವ ಮಕ್ಕಳು ಎಂದಿರಿ. ಇದಿಲ್ಲದೆ ಒಂದು ರಾತ್ರಿಯೂ ಚಾರ್ಜಿಗೆ ಹಾಕಬೇಡಿ.

ಶೆಡ್ಡಿನಲ್ಲಿ ಸಾಕೆಟ್ಟನ್ನು ಎದೆಯೆತ್ತರದಲ್ಲಿ, ಒಗೆಯುವ ಕಲ್ಲಿನ ಎದುರು ಗೋಡೆಗೆ ಹಾಕಿಸಿ. ಐಎಸ್‌ಐ ಗುರುತಿನ 16 ಆಂಪಿಯರಿನ ಹೊಸ ಸಾಕೆಟ್ ಇರಲಿ, ಮೇಲೆ ಮಳೆ ಮುಚ್ಚಳ. ಪಕ್ಕದಲ್ಲಿ ಒಂದು ಗಟ್ಟಿ ಕೊಕ್ಕೆ ಹೊಡೆಸಿ ಡಬ್ಬಿಯನ್ನು ಅದಕ್ಕೆ ನೇತುಹಾಕಿ. ಡಬ್ಬಿಯ ಭಾರ ಪ್ಲಗ್ಗಿನ ಮೇಲೆ ಬಿದ್ದರೆ ಆರು ತಿಂಗಳಲ್ಲಿ ಹಿಡಿ ಸಡಿಲವಾಗಿ ಮತ್ತೆ ಅದೇ ಹುಣಸೆಹಣ್ಣಿನ ಬಣ್ಣ.

ಆ ಅರ್ಧ ಬೆಲೆಯ ಕೇಬಲ್ ಬೇಡ. ಭಾರತದ ಮಾನಕ ಐಎಸ್ 17017ರ ಹೆಸರೇ ಇಲ್ಲದ, ಮೂರು ಪಿನ್ನಿನ ಪ್ಲಗ್ ಇದ್ದೂ 32 ಆಂಪಿಯರ್ ಎಂದು ಬರೆದುಕೊಂಡ ಕೇಬಲ್‌ಗಳನ್ನು ನೋಡಿದ್ದೇನೆ. 16ರ ಸಾಕೆಟ್ಟಿನಿಂದ 32 ಎಳೆಯಲು ಕಾರಿಗೆ ಅನುಮತಿ ಕೊಡುವ ಕಾವಲುಗಾರ ಅದು.

ನಂದಿ ತಪ್ಪಲಿನ ರೈತ, ಚಿಕ್ಕಬಳ್ಳಾಪುರ:

ಅಣ್ಣ ಹೇಳಿದ್ದೆಲ್ಲ ಸರಿ. ಒಂದೆರಡು ಸೇರಿಸುತ್ತೇನೆ. ನಮ್ಮ ದ್ರಾಕ್ಷಿ ತೋಟದ ಮನೆಯಲ್ಲಿ ಸಂಜೆ ವೋಲ್ಟೇಜ್ 190ಕ್ಕೆ ಇಳಿಯುತ್ತದೆ. ನನ್ನ ಡಬ್ಬಿಯಲ್ಲಿ ಆಂಪಿಯರ್ ಇಳಿಸುವ ಗುಂಡಿ ಇದೆ, 10ಕ್ಕೆ ಇಟ್ಟುಬಿಟ್ಟಿದ್ದೇನೆ. 15ರಿಂದ 10ಕ್ಕೆ ಇಳಿಸಿದರೆ ಸಮಯ ಒಂದೂವರೆ ಪಟ್ಟು ಆಗುತ್ತದೆ, ಆದರೆ ಪಿನ್ನಿನ ಬಿಸಿ ಅರ್ಧಕ್ಕಿಂತ ಕಡಿಮೆ.

ಇನ್ನೊಂದು, ಮೇಡಂ. ಗೃಹಜ್ಯೋತಿ ಪಡೆಯುತ್ತಿದ್ದರೆ ಲೆಕ್ಕ ಹಾಕಿ. ದಿನಕ್ಕೆ 11 ಯೂನಿಟ್, ತಿಂಗಳಿಗೆ 25 ದಿನ ಎಂದರೆ ಕಾರೊಂದೇ 275. ಒಟ್ಟು 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಬೆಸ್ಕಾಂನಲ್ಲಿ ವಾಹನ ಚಾರ್ಜಿಂಗಿಗೆಂದೇ ಬೇರೆ ದರವಿದೆ, ಬೇರೆ ಮೀಟರಿಗೆ ಅರ್ಜಿ ಹಾಕಬಹುದು. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದೂ ನೋಡಿಕೊಳ್ಳಿ.

ಕ್ಯಾತಸಂದ್ರದ ಟೀಚರ್:

ಇಬ್ಬರಿಗೂ ತುಂಬಾ ಕೃತಜ್ಞತೆ. ಕೈಪಿಡಿ ನೋಡಿದೆ, ಕಾರಿನೊಳಗಿನದು 3.3. ಬಿಲ್ಲಿನಲ್ಲಿ ಲೋಡ್ 3 ಕಿಲೋವ್ಯಾಟ್ ಇತ್ತು, ಹೆಚ್ಚಿಸಲು ಅರ್ಜಿ ಕೊಟ್ಟಿದ್ದೇವೆ. ನಿನ್ನೆ ತಂತಿ ಎಳೆಸಿದೆವು. ಆದರೆ ಪ್ಲಗ್ ಹಾಕಿದರೆ ಡಬ್ಬಿಯಲ್ಲಿ ಕೆಂಪು ದೀಪ, ಚಾರ್ಜ್ ಆಗುತ್ತಿಲ್ಲ. ಕೆಲಸಕ್ಕೆ ಬಂದವರು ಮೀಟರ್ ಹಿಡಿದು, ನ್ಯೂಟ್ರಲ್‌ಗೂ ಅರ್ಥಿಗೂ ನಡುವೆ 38 ವೋಲ್ಟ್ ತೋರಿಸುತ್ತಿದೆ ಎಂದರು. ಸಾಕೆಟ್ಟಿನ ಒಳಗೇ ನ್ಯೂಟ್ರಲ್ಲನ್ನೂ ಅರ್ಥನ್ನೂ ಒಂದು ತುಂಡು ತಂತಿಯಿಂದ ಸೇರಿಸಿದರೆ ದೀಪ ಹಸಿರಾಗುತ್ತದಂತೆ. ನಾಳೆ ಬರುತ್ತಾರೆ. ಮಾಡಿಸಲೇ?

ಹಳೆಯ ವೈರ್‌ಮನ್, ಕೋಲಾರ:

ಬೇಡ ತಾಯಿ, ಬೇಡ! ದಯವಿಟ್ಟು ಮಾಡಿಸಬೇಡಿ. ದೀಪ ಹಸಿರಾಗುತ್ತದೆ, ನಿಜ. ಆದರೆ ಒಂದು ದಿನ ಕಂಬದಲ್ಲೋ ಬೋರ್ಡಿನಲ್ಲೋ ನ್ಯೂಟ್ರಲ್ ತಂತಿ ಕಡಿಯಿತು ಎಂದಿಟ್ಟುಕೊಳ್ಳಿ. ಆಗ ಫೇಸ್ ಆ ತುಂಡು ತಂತಿಯ ಮೂಲಕ ಅರ್ಥಿನ ಪಿನ್ನಿಗೆ ಬಂದು ಇಡೀ ಕಾರಿನ ಮೈಗೆ ಏರುತ್ತದೆ. ಕಾರು ರಬ್ಬರ್ ಟೈರಿನ ಮೇಲೆ ನಿಂತಿದೆ, ಅದಕ್ಕೆ ಏನೂ ಆಗುವುದಿಲ್ಲ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತ ಮಗು ಬಾಗಿಲ ಹಿಡಿ ಮುಟ್ಟಿದರೆ ಏನಾಗುತ್ತದೆ ಎಂದು ಬರೆಯಲೂ ಕೈ ಬರುತ್ತಿಲ್ಲ.

ಆ ಕೆಂಪು ದೀಪ ನಿಮಗೆ ಸತ್ಯ ಹೇಳುತ್ತಿದೆ. 1996ರ ಅರ್ಥಿನ ಗುಂಡಿ ಒಣಗಿದೆ ಅಥವಾ ತಂತಿ ತುಕ್ಕು ಹಿಡಿದು ಕಡಿದಿದೆ. ನಿಮ್ಮದೂ ನಮ್ಮಂತೆಯೇ ಬಂಡೆಯ ನೆಲ, ಬೇಸಿಗೆಯಲ್ಲಿ ತೇವ ನಿಲ್ಲುವುದಿಲ್ಲ. ಹೊಸ ಗುಂಡಿ ತೋಡಿಸಿ, ಆಳ ಎಂಟರಿಂದ ಹತ್ತು ಅಡಿ. ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ಪದರ ಪದರವಾಗಿ ತುಂಬಿಸಿ. ನಿಮ್ಮಲ್ಲಿ ಒಂದು ಅನುಕೂಲವಿದೆ: ಒಗೆಯುವ ಕಲ್ಲಿನ ನೀರು ಹರಿಯುವ ಕಡೆ, ಕಲ್ಲಿನಿಂದ ನಾಲ್ಕು ಹೆಜ್ಜೆ ಆಚೆ ತೋಡಿಸಿದರೆ ವರ್ಷವಿಡೀ ತೇವ ಇರುತ್ತದೆ. ಅಲ್ಲಿಂದ ಸಾಕೆಟ್ಟಿಗೂ ಮುಖ್ಯ ಬೋರ್ಡಿಗೂ ಅರ್ಥ್ ತಂತಿ ಎಳೆಸಿ. ನ್ಯೂಟ್ರಲ್ ಮತ್ತು ಅರ್ಥಿನ ನಡುವೆ 2–3 ವೋಲ್ಟಿಗೆ ಇಳಿದ ಮೇಲೆ ಪ್ಲಗ್ ಹಾಕಿ. ಮೊದಲ ಸಲ ಒಂದು ಗಂಟೆ ಬಿಟ್ಟು, ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಅದರ ಮೈ ಮುಟ್ಟಿ ನೋಡಿ. ಕೈ ಇಟ್ಟುಕೊಳ್ಳಲು ಆಗದಷ್ಟು ಬಿಸಿಯಿದ್ದರೆ ಸಾಕೆಟ್ ಬದಲಿಸಬೇಕು.

ಕ್ಯಾತಸಂದ್ರದ ಟೀಚರ್:

ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಆ ತುಂಡು ತಂತಿ ಹಾಕಿಸಲಿಲ್ಲ. ಹಳೆಯ ಗುಂಡಿ ಅಗೆದಾಗ ಪೈಪಿಗೆ ಕಟ್ಟಿದ್ದ ತಂತಿ ಕೈಯಲ್ಲೇ ಪುಡಿಯಾಯಿತು. ಹೊಸದು ತೋಡುವಾಗ ಆರು ಅಡಿಗೆ ಬಂಡೆ ಸಿಕ್ಕಿ, ಎರಡು ಹೆಜ್ಜೆ ಸರಿದು ಮತ್ತೆ ತೋಡಿದರು, ಅಲ್ಲಿ ಒಂಬತ್ತು ಅಡಿ ಸಿಕ್ಕಿತು. ಈಗ ಮೀಟರಿನಲ್ಲಿ 1.8 ವೋಲ್ಟ್. ದೀಪ ಹಸಿರು. ಡಬ್ಬಿ ಕೊಕ್ಕೆಯಲ್ಲಿ ನೇತಾಡುತ್ತಿದೆ, ಗನ್ನಿನ ಬಾಯಿಗೆ ಮುಚ್ಚಳ ಹಾಕುವ ಕೆಲಸವನ್ನು ಮಗಳು ವಹಿಸಿಕೊಂಡಿದ್ದಾಳೆ.

ಮೊದಲ ರಾತ್ರಿ ಒಂದು ಗಂಟೆ ಬಿಟ್ಟು ಪ್ಲಗ್ ಕಿತ್ತು ಮುಟ್ಟಿದೆ. ಬೆಚ್ಚಗಿತ್ತು, ಅಷ್ಟೆ. ಅತ್ತೆಯವರೂ ಎದ್ದು ಬಂದು ಮುಟ್ಟಿ ನೋಡಿ ಮಲಗಿದರು.